ಒಪ್ಕೊಂಡುಬಿಡೋ ಅಂದವಳು ನಾನೇ

ಅವತ್ತಿಗೆ ನನ್ನ ತಮ್ಮ ಜೈಲಿಗೆ ಹೋಗಿ 83 ದಿನ ಆಗಿತ್ತು. ಬೆಳಿಗ್ಗೆ ಹತ್ತೂವರೆಗೆಲ್ಲ ಕೋರ್ಟಿನ ಆವರಣಕ್ಕೆ ಹೋಗಿ ನಿಂತಿದ್ದೆ. ಕೈಚೀಲದಲ್ಲಿ ಅವನ ಒಂದು ಜೊತೆ ಬಟ್ಟೆ ಇತ್ತು, ಒಗೆದು ಇಸ್ತ್ರಿ ಮಾಡಿದ್ದು. ಸಂಜೆ ಅವನು ಅದನ್ನು ಹಾಕಿಕೊಂಡು ನನ್ನ ಜೊತೆ ಮನೆಗೆ ಬರುತ್ತಾನೆ ಅಂತ ನನ್ನ ಲೆಕ್ಕ. ಅದಕ್ಕೆ ಅವನು ಮಾಡಬೇಕಾಗಿದ್ದು ಒಂದೇ ಕೆಲಸ. ತಾನು ಮಾಡದ ಕಳ್ಳತನವನ್ನು ಮಾಡಿದ್ದೇನೆ ಅಂತ ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕಿತ್ತು.

ಇದು 2017ರ ಮಾತು. ತಮ್ಮ ಒಂದು ಗೋಡೌನಿನಲ್ಲಿ ಡ್ರೈವರ್ ಆಗಿದ್ದ. ಲೆಕ್ಕ ನೋಡುವಾಗ ಮಾಲು ಕಮ್ಮಿ ಬಂತು. ಆ ವಾರ ಬೀಗದ ಕೈ ಇವನ ಹತ್ತಿರ ಇತ್ತು, ಹಾಗಾಗಿ ದೂರಿನಲ್ಲಿ ಇವನ ಹೆಸರು ಬಂತು. ಐಪಿಸಿ 381, ಅಂದರೆ ಕೆಲಸದವನು ಯಜಮಾನನ ಮಾಲು ಕದ್ದ ಅನ್ನುವ ಆರೋಪ. ಏಳು ವರ್ಷದವರೆಗೆ ಶಿಕ್ಷೆ ಆಗಬಹುದು. ಠಾಣೆಯಲ್ಲಿ ಇಡೀ ರಾತ್ರಿ ಕೇಳಿದ್ದರು. ಹೇಗೆ ಕೇಳಿದರು ಅನ್ನೋದನ್ನ ಅವನು ಇವತ್ತಿಗೂ ಪೂರ್ತಿ ಹೇಳಿಲ್ಲ, ನಾನೂ ಕೆದಕಿಲ್ಲ. ಅವನು ಮಾತ್ರ ಹೂಂ ಅನ್ನಲಿಲ್ಲ.

ಜಾಮೀನು ಸಿಗಲಿಲ್ಲ ಅಂತ ನೀವು ಅಂದುಕೊಳ್ಳಬಹುದು. ಸಿಕ್ಕಿತ್ತು! ಮೂರನೇ ವಾರದಲ್ಲೇ ಆರ್ಡರ್ ಆಗಿತ್ತು. ಆದರೆ ಇಬ್ಬರು ಶ್ಯೂರಿಟಿ ಬೇಕು, ಇಬ್ಬರ ಹೆಸರಲ್ಲೂ ಜಮೀನಿನ ಪಹಣಿಯೋ ಮನೆಯ ಪತ್ರವೋ ಇರಬೇಕು ಅಂದರು. ನಮ್ಮದು ಬಾಡಿಗೆ ಮನೆ. ನೆಂಟರ ಮನೆಗಳಿಗೆ ಹೋದೆ. ಎಲ್ಲರೂ ಕೂರಿಸಿ ಮಾತಾಡಿದರು, ಅಯ್ಯೋ ಪಾಪ ಅಂದರು, ಪಹಣಿ ಅಂದ ತಕ್ಷಣ ಮಾತು ಬೇರೆ ಕಡೆ ತಿರುಗಿತು. ಅವರನ್ನು ಬೈಯಲ್ಲ. ಕಳ್ಳತನದ ಕೇಸಿನವನಿಗೆ ತಮ್ಮ ಜಮೀನು ಒತ್ತೆ ಇಟ್ಟಂತೆ ಅವರಿಗೆ ಅನ್ನಿಸಿರಬೇಕು. ಹೀಗೆ ಜಾಮೀನಿನ ಆರ್ಡರ್ ಕೈಯಲ್ಲಿದ್ದೂ ಅವನು ಒಳಗೇ ಇದ್ದ.

ಅಷ್ಟರಲ್ಲಿ ಚಾರ್ಜ್‌ಶೀಟ್ ಬಂತು. ವಕೀಲರು ನನ್ನನ್ನು ಕರೆದು ಕೂರಿಸಿದರು. ಒಳ್ಳೆಯ ಮನುಷ್ಯ, ನಮ್ಮಿಂದ ಜಾಸ್ತಿ ಫೀಸು ಕೂಡ ತೆಗೆದುಕೊಂಡಿರಲಿಲ್ಲ. "ನೋಡಮ್ಮಾ, ಟ್ರಯಲ್ ಅಂದ್ರೆ ಮೂರ್ನಾಲ್ಕು ವರ್ಷ. ಶ್ಯೂರಿಟಿ ಇಲ್ಲದೆ ಅಲ್ಲೀತನಕ ಹುಡುಗ ಒಳಗೇ ಇರ್ತಾನೆ. ಒಪ್ಕೊಂಡ್ರೆ, ಮೊದಲನೇ ಸಲ ಅಂತ ಕೇಳ್ಕೋತೀನಿ. ಇದ್ದಷ್ಟು ದಿನಾನೇ ಶಿಕ್ಷೆ ಅಂತ ಬರೀಬಹುದು. ಅವತ್ತು ಸಂಜೆನೇ ಮನೆ" ಅಂದರು. ವಿಚಾರಣೆ ಕಾಲದಲ್ಲಿ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯಬೇಕು ಅಂತ ಸಿಆರ್‌ಪಿಸಿ 428ನೇ ಕಲಂ ಹೇಳುತ್ತಿತ್ತು. ಖೈದಿಗೆ ಅನುಕೂಲ ಆಗಲಿ ಅಂತ ಮಾಡಿದ ಕಾನೂನು. ನಮ್ಮ ವಿಷಯದಲ್ಲಿ ಅದೇ ಬಲೆ ಆಯಿತು. ತಪ್ಪು ಮಾಡಿದ್ದೀನಿ ಅಂದರೆ ಇವತ್ತೇ ಹೊರಗೆ. ಮಾಡಿಲ್ಲ ಅಂದರೆ ಒಳಗೆ, ಎಲ್ಲಿಯವರೆಗೆ ಅಂತ ಯಾರಿಗೂ ಗೊತ್ತಿಲ್ಲ.

ಆ ವಾರವೇ ಜೈಲಿಗೆ ಹೋದೆ. ಹೊರಗೆ ಸಂದರ್ಶನಕ್ಕೆ ಉದ್ದ ಸಾಲು. ಸಾಲಿನಲ್ಲಿ ಮಾತಿಗೆ ಸಿಕ್ಕವರಲ್ಲಿ ಹೆಚ್ಚಿನವರ ಮನೆಯವರಿಗೆ ಇನ್ನೂ ಶಿಕ್ಷೆಯೇ ಆಗಿರಲಿಲ್ಲ. ಇದು ಆ ಒಂದು ಜೈಲಿನ ಕತೆಯಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಯಲ್ಲೇ ಇದೆ. ನಾಲ್ವರಲ್ಲಿ ಮೂವರು.

ಜಾಲರಿಯ ಆಚೆ ತಮ್ಮ ಬಂದು ನಿಂತ. ಕುತ್ತಿಗೆ ಸಣ್ಣಗಾಗಿತ್ತು. ಈಚೆ ಕಡೆ ನಾವು ಏಳೆಂಟು ಜನ, ಆಚೆ ಅಷ್ಟೇ ಜನ, ಎಲ್ಲರೂ ಒಟ್ಟಿಗೇ ಕೂಗುತ್ತಿದ್ದೆವು. ಆ ಗದ್ದಲದಲ್ಲಿ ನಾನೂ ಕೂಗಿಯೇ ಹೇಳಿದೆ. "ಒಪ್ಕೊಂಡುಬಿಡೋ."

"ಅಕ್ಕ, ಸ್ಟೇಷನ್ನಲ್ಲೇ ಒಪ್ಕೊಂಡಿಲ್ಲ ನಾನು."

"ಗೊತ್ತು ಕಣೋ. ಆದ್ರೆ ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ. ನೀನು ಬರೋವರೆಗೂ ಇರ್ತಾಳೋ ಇಲ್ವೋ."

ಅಮ್ಮನ ಆರೋಗ್ಯ ಅಷ್ಟೇನೂ ಕೆಟ್ಟಿರಲಿಲ್ಲ. ನಾನು ಹೆಚ್ಚಿಗೆ ಸೇರಿಸಿ ಹೇಳಿದೆ. ಅವನು ಜಾಲರಿಯ ತಂತಿಗೆ ಬೆರಳು ಸಿಕ್ಕಿಸಿ ಸ್ವಲ್ಪ ಹೊತ್ತು ಸುಮ್ನೆ ನಿಂತ. ಆಮೇಲೆ "ಆಯ್ತು" ಅಂದ. ಪೊಲೀಸರು ಒಂದು ರಾತ್ರಿಯೆಲ್ಲ ಕೂತರೂ ಆಗದಿದ್ದ ಕೆಲಸವನ್ನು ನಾನು ಐದು ನಿಮಿಷದಲ್ಲಿ ಮಾಡಿದ್ದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ, ಒತ್ತಡ ಇರುತ್ತೆ ಅಂತ ಕಾನೂನಿಗೇ ಅನುಮಾನ. ಅಕ್ಕ ಹಾಕುವ ಒತ್ತಡ ಯಾವ ಕಾನೂನಿನ ಕಣ್ಣಿಗೆ ಬೀಳುತ್ತೆ?

ಕೋರ್ಟ್ ಹಾಲ್‌ನಲ್ಲಿ ಅವನ ಕೇಸು ಕೂಗಿದಾಗ ಹನ್ನೆರಡು ದಾಟಿತ್ತು. ಎಸ್ಕಾರ್ಟ್ ಪೊಲೀಸರು ಕೈ ಹಿಡಿದು ಕರೆತಂದು ಕಟಕಟೆಯಲ್ಲಿ ನಿಲ್ಲಿಸಿದರು. ಮ್ಯಾಜಿಸ್ಟ್ರೇಟ್ ಹೆಣ್ಣುಮಗಳು, ನನಗಿಂತ ಚಿಕ್ಕವರು. ಮೇಜಿನ ಮೇಲೆ ಅವರ ಗಲ್ಲದ ಎತ್ತರಕ್ಕೆ ಫೈಲುಗಳು. ಆರೋಪ ಓದಿ ಹೇಳಿ, "ಅರ್ಥ ಆಯ್ತಾ? ತಪ್ಪು ಒಪ್ತೀಯಾ, ಇಲ್ಲ ವಿಚಾರಣೆ ಆಗ್ಲಿ ಅಂತೀಯಾ?" ಅಂತ ಕೇಳಿದರು.

"ಒಪ್ತೀನಿ ಮೇಡಂ."

ನಾನು ಚೀಲ ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಬರೆಯೋಕೆ ಶುರು ಮಾಡಿದವರು ತಲೆ ಎತ್ತಿದರು. "ಎಷ್ಟು ಬಾಕ್ಸ್ ತಗೊಂಡೆ?"

ಅವನು ವಕೀಲರ ಕಡೆ ನೋಡಿದ. "ಮೂರು... ನಾಲ್ಕು ಮೇಡಂ." ಈಗ ತಾನೇ ಓದಿದ ಆರೋಪದಲ್ಲಿ ಹನ್ನೊಂದು ಅಂತಿತ್ತು.

"ಎಲ್ಲಿಟ್ಟಿದ್ದೆ?"

ಮಾತಿಲ್ಲ.

"ಯಾರಿಗೆ ಕೊಟ್ಟೆ?"

"ಗೊತ್ತಿಲ್ಲ ಮೇಡಂ."

ಅವರು ಪೆನ್ನು ಕೆಳಗಿಟ್ಟರು. "ಒಪ್ಕೋ ಅಂತ ಯಾರು ಹೇಳಿದ್ರು ನಿಂಗೆ?"

ಅವನು ತಿರುಗಿ ನನ್ನನ್ನು ನೋಡಿದ. ಒಂದು ಕ್ಷಣ ಅಷ್ಟೇ. ತಕ್ಷಣ ಮುಖ ಆಚೆ ಮಾಡಿ "ಯಾರೂ ಇಲ್ಲ ಮೇಡಂ" ಅಂದ. ನಾನು ಎದ್ದು ನಿಂತು, ನಾನೇ ಹೇಳಿದ್ದು ಅನ್ನಬೇಕಿತ್ತು. ಅನ್ನಲಿಲ್ಲ. ನಾನು ಬಾಯಿ ಬಿಟ್ಟರೆ ಇನ್ನೇನು ಕೆಡುತ್ತದೋ ಅನ್ನುವ ಭಯ. ಮ್ಯಾಜಿಸ್ಟ್ರೇಟ್ ದನಿ ತಗ್ಗಿಸಿ, "ನೋಡು, ಮನೆಗೆ ಹೋಗೋ ಆಸೆಗೆ ಹೇಳ್ಬೇಡ. ಮಾಡಿದ್ದೀಯಾ, ಇಲ್ವಾ?" ಅಂದರು. "ಇಲ್ಲ ಮೇಡಂ" ಅಂದ. ದನಿ ಒಡೆದುಹೋಯಿತು. ಆರೋಪಿ ಆರೋಪ ನಿರಾಕರಿಸಿದ್ದಾನೆ ಅಂತ ಅವರು ಬರೆಸಿದರು.

ಆಮೇಲೆ ಅವರೇ ಫೈಲು ತಿರುವಿ, ಜಾಮೀನು ಆಗಿದ್ದರೂ ಇವನು ಯಾಕೆ ಒಳಗಿದ್ದಾನೆ ಅಂತ ವಕೀಲರನ್ನು ಕೇಳಿದರು. ಷರತ್ತು ಸಡಿಲಿಸಲು ಅರ್ಜಿ ಹಾಕಿ ಅಂದರು. ಇಬ್ಬರ ಬದಲು ಒಬ್ಬ ಶ್ಯೂರಿಟಿ ಸಾಕು ಅಂತ ಆಯಿತು. ಆರನೇ ದಿನ ತಮ್ಮ ಹೊರಗೆ ಬಂದ. ಇಷ್ಟೇ ಆಗಬೇಕಿದ್ದದ್ದು. ಈ ಅರ್ಜಿಯನ್ನು ಎರಡು ತಿಂಗಳ ಹಿಂದೆಯೇ ಹಾಕಬಹುದಿತ್ತು ಅಂತ ನನಗೆ ಗೊತ್ತಿರಲಿಲ್ಲ, ಯಾರೂ ಹೇಳಲೂ ಇಲ್ಲ. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದವರ ಷರತ್ತನ್ನು ಕೋರ್ಟು ತಾನಾಗಿಯೇ ಮತ್ತೆ ನೋಡಬಹುದು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ಪೇಪರಿನಲ್ಲಿ ಓದಿದ ದಿನ ನನಗೆ ಅಳು ಬಂತು.

ಇನ್ನೂ ಎಷ್ಟೋ ವಿಷಯ ತಿಳಿದಿದ್ದು ಆಮೇಲೆ. ಆರೋಪಿ ಒಪ್ಪಿಕೊಂಡ ಮಾತ್ರಕ್ಕೆ ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಡಲೇಬೇಕು ಅಂತಿಲ್ಲ, ಅದು ಅವರ ವಿವೇಚನೆ. ಆದರೆ ಒಮ್ಮೆ ಅದನ್ನು ಒಪ್ಪಿ ಶಿಕ್ಷೆ ಕೊಟ್ಟರೆ, ನಾನು ತಪ್ಪೇ ಮಾಡಿಲ್ಲ ಅಂತ ಮೇಲ್ಮನವಿ ಹಾಕುವ ಬಾಗಿಲು ಮುಚ್ಚುತ್ತದೆ. ಶಿಕ್ಷೆಯ ಪ್ರಮಾಣವೋ ಅದು ಕಾನೂನುಬದ್ಧವೋ ಅಂತ ಮಾತ್ರ ಕೇಳಬಹುದು. ಸಂಜೆನೇ ಮನೆ ಅಂದ ವಕೀಲರು ಇದನ್ನು ಹೇಳಿರಲಿಲ್ಲ. ಮುಂದೆ ಇನ್ನೊಂದು ಕಳ್ಳತನದ ಕೇಸು ಬಿದ್ದರೆ ಹಳೆಯ ಶಿಕ್ಷೆ ಲೆಕ್ಕಕ್ಕೆ ಬರುತ್ತದೆ ಅನ್ನೋದನ್ನೂ ಹೇಳಿರಲಿಲ್ಲ.

1980ರಲ್ಲೇ ಸುಪ್ರೀಂ ಕೋರ್ಟ್ ಗುಜರಾತಿನ ಒಂದು ಕೇಸಿನಲ್ಲಿ ಈ ಭಯವನ್ನು ಬಾಯಿಬಿಟ್ಟು ಹೇಳಿತ್ತಂತೆ. ವರ್ಷಗಟ್ಟಲೆ ವಿಚಾರಣೆ ಎದುರಿಸುವ ಬದಲು ಸಣ್ಣ ಶಿಕ್ಷೆ ಅನುಭವಿಸಿಬಿಡೋಣ ಅಂತ ನಿರಪರಾಧಿಯೂ ಒಪ್ಪಿಕೊಂಡುಬಿಡಬಹುದು ಅಂತ. ನನ್ನ ತಮ್ಮನನ್ನೇ ನೋಡಿ ಬರೆದಂತಿದೆ. ಹಾಗಿದ್ದೂ 2006ರ ಜುಲೈ 5ರಿಂದ ಏಳು ವರ್ಷದವರೆಗಿನ ಹಲವು ಅಪರಾಧಗಳಿಗೆ ಪ್ಲೀ ಬಾರ್ಗೇನಿಂಗ್, ಅಂದರೆ ತಪ್ಪು ಒಪ್ಪಿಕೊಂಡು ಕಡಿಮೆ ಶಿಕ್ಷೆಗೆ ಮಾತಾಡಿಕೊಳ್ಳುವ ಕಾನೂನೇ ಬಂತು. ಅದರಲ್ಲಿ ಒಂದು ಒಳ್ಳೆಯ ಅಂಶ ಇದೆ. ಆರೋಪಿ ಸ್ವಂತ ಇಚ್ಛೆಯಿಂದ ಬಂದಿದ್ದಾನಾ ಅಂತ ನ್ಯಾಯಾಧೀಶರು ಬಾಗಿಲು ಹಾಕಿ, ಎದುರು ಪಕ್ಷದವರಿಲ್ಲದೆ ಕೇಳಬೇಕು. ನಮ್ಮದು ಆ ಕಾನೂನಿನ ಕೆಳಗೆ ಬಂದ ಅರ್ಜಿಯಲ್ಲ, ಕಟಕಟೆಯಲ್ಲಿ ನೇರವಾಗಿ ಒಪ್ಪಿಕೊಳ್ಳುವ ಹಳೇ ದಾರಿ. ಅಲ್ಲಿ ಕೇಳಿದರೆ ಕೇಳಿದರು, ಇಲ್ಲ ಅಂದರೆ ಇಲ್ಲ.

ಜೈಲಿನ ವ್ಯಾನಿನಲ್ಲಿ ಅವತ್ತು ತಮ್ಮನ ಪಕ್ಕ ಒಬ್ಬ ಹುಡುಗ ಕೂತಿದ್ದನಂತೆ. ಅವನೂ ಒಪ್ಪಿಕೊಳ್ಳೋಕೆ ಬಂದವನು, ಬೇರೆ ಹಾಲ್‌ನಲ್ಲಿ ಕೇಸು. "ಚಾರ್ಜ್‌ಶೀಟ್ ಓದ್ಕೊಂಡಿದ್ದೀಯಾ ಅಣ್ಣ? ಏನಾದ್ರೂ ಕೇಳ್ತಾರೆ" ಅಂದನಂತೆ. ಬ್ಯಾರಕ್ಕಿನಲ್ಲಿ ಹಳಬರು ಅವನಿಗೆ ರಾತ್ರಿಯೆಲ್ಲ ಹೇಳಿಕೊಟ್ಟಿದ್ದರು. ಯಾವ ತಾರೀಖು, ಯಾವ ಬೀದಿ, ಯಾವ ಬಣ್ಣದ ಬೈಕು. ಪರೀಕ್ಷೆಗೆ ಓದಿದ ಹಾಗೆ ಒಪ್ಪಿಸುತ್ತಿದ್ದನಂತೆ. ವಾಪಸ್ ಬರುವಾಗ ಅವನ ಮುಖದಲ್ಲಿ ನಗು ಇತ್ತು, ಕೇಸು ಮುಗಿದಿತ್ತು. ಅವನು ಮಾಡಿದ್ದನೋ ಇಲ್ಲವೋ ನನಗೆ ತಿಳಿಯದು. ಮಾಡಿದವನು ಯಾಕೆ ಬಾಯಿಪಾಠ ಮಾಡಬೇಕು ಅನ್ನೋ ಪ್ರಶ್ನೆ ಮಾತ್ರ ತಲೆಯಿಂದ ಹೋಗಿಲ್ಲ.

ನಮ್ಮ ಕೇಸು 2021ರವರೆಗೆ ನಡೆಯಿತು. ವಾಯಿದೆ ವಾಯಿದೆಗೂ ತಮ್ಮ ಕೆಲಸ ಬಿಟ್ಟು ಹೋಗಿ ಹಾಜರಿ ಹಾಕಬೇಕು. ಎರಡು ಕಡೆ ಕೆಲಸ ಹೋಯಿತು. ಕೊನೆಗೆ, ಅವನು ತೋರಿಸಿದ ಜಾಗದಿಂದ ಮಾಲು ಸಿಕ್ಕಿತು ಅಂತ ಬರೆದಿದ್ದ ಪಂಚನಾಮೆಯ ಪಂಚರು, ನಾವು ಠಾಣೆಯಲ್ಲಿ ಕೂತು ಸಹಿ ಹಾಕಿದ್ದು, ಆ ಜಾಗಕ್ಕೆ ಹೋಗೇ ಇಲ್ಲ ಅಂದರು. ಖುಲಾಸೆ ಆಯಿತು. ಆ ನಾಲ್ಕು ವರ್ಷದಲ್ಲಿ ಎಷ್ಟೋ ಸಲ, ಅವತ್ತೇ ಒಪ್ಕೊಂಡಿದ್ರೆ ಮುಗಿದುಹೋಗ್ತಿತ್ತಲ್ಲ ಅಂತ ನನ್ನ ಬಾಯಿಗೆ ಬಂದದ್ದುಂಟು. ಪ್ರತಿ ಸಲ ಅವನು ಕಟಕಟೆಯಿಂದ ತಿರುಗಿ ನೋಡಿದ ಆ ನೋಟ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಅದರ ಬಗ್ಗೆ ಅವನು ಒಂದೇ ಸಲ ಕೇಳಿದ್ದು. ಜೈಲಿನಿಂದ ಬಂದ ದಿನ, ಬಸ್ಸಿನಲ್ಲಿ. "ಅಕ್ಕ, ನಾನೇ ಮಾಡಿದ್ದೀನಿ ಅಂತ ನಿಂಗೂ ಅನ್ನಿಸಿತ್ತಾ?" ಇಲ್ಲ ಕಣೋ, ಒಂದು ದಿನಾನೂ ಅನ್ನಿಸಿಲ್ಲ ಅಂದೆ. ಅದು ನಿಜ. ಅವನು ನಂಬಿದನಾ ಅನ್ನೋದನ್ನ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಈಗ ಅವನದೇ ಒಂದು ಸಣ್ಣ ಗೂಡ್ಸ್ ಗಾಡಿ ಇದೆ. ಆರ್‌ಸಿ, ಇನ್ಶೂರೆನ್ಸ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಖುಲಾಸೆ ತೀರ್ಪಿನ ದೃಢೀಕೃತ ನಕಲನ್ನೂ ಮಡಿಸಿ ಇಟ್ಟಿದ್ದಾನೆ. ಹೋದ ವರ್ಷ ನಾನು ಜೊತೆಗಿದ್ದಾಗ ಚೆಕಿಂಗಿಗೆ ಗಾಡಿ ನಿಲ್ಲಿಸಿದರು. ಅವನು ಎಲ್ಲಾ ಕಾಗದದ ಜೊತೆ ಅದನ್ನೂ ಕೊಟ್ಟ. ಪೊಲೀಸಪ್ಪ ಬಿಡಿಸಿ ನೋಡಿ, "ಇದ್ಯಾಕೆ, ಇದು ಬೇಡ" ಅಂತ ವಾಪಸ್ ಕೊಟ್ಟರು. ತಮ್ಮ ಹಳೇ ಮಡಿಕೆಯಲ್ಲೇ ಮಡಿಸಿ, ಅದೇ ಕವರಿಗೆ ಹಾಕಿ, ಗಾಡಿ ಸ್ಟಾರ್ಟ್ ಮಾಡಿದ.