ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್: ಮೊದಲು ನೋಡಬೇಕಾದದ್ದು ನುಡಿ ಫೈಲು, ಪ್ರಿಂಟರು, ಟ್ಯಾಲಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಲ್ಯಾಪ್‌ಟಾಪ್ ಹಿಡಿದು ರಿಪೇರಿ ಅಂಗಡಿಗೆ ಹೋದವರಿಗೆ “ಇದಕ್ಕ ಹನ್ನೊಂದು ಏರೂದಿಲ್ರಿ, ಹೊಸಾದು ತಗೊಂಡ್ ಬಿಡ್ರಿ” ಎಂಬ ಮಾತು ಈಗ ರೂಢಿ. ಮಾತಿನ ಮೊದಲರ್ಧ ಖರೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಪ್ರೊಸೆಸರಿನ ಹೆಸರಿನಲ್ಲೇ ತಲೆಮಾರು ಇರುತ್ತದೆ: ಐ3-3110ಎಂ ಅಂದರೆ 3ನೆಯದು, ಐ5-5200ಯು ಅಂದರೆ 5ನೆಯದು. ಇವೆರಡೂ 11ಕ್ಕೆ ಅರ್ಹವಲ್ಲ. ಆದರೆ ಪತ್ರ ಬರೆಯಲು, ಬ್ರೌಸರ್ ನೋಡಲು, ಮಕ್ಕಳ ಆನ್‌ಲೈನ್ ಪಾಠಕ್ಕೆ ಇವುಗಳ ಶಕ್ತಿ ಇವತ್ತಿಗೂ ಸಾಕು. ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ 22ಕ್ಕೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರುತ್ತದೆ, ದುಡ್ಡು ಕೊಡಬೇಕಿಲ್ಲ.

ಹಾಗಂತ ಪೆನ್‌ಡ್ರೈವ್ ಚುಚ್ಚಿ ಇನ್‌ಸ್ಟಾಲ್ ಮಾಡಲು ಕೂಡಬಾರದು. ನಮ್ಮ ಕಡೆ ಲಿನಕ್ಸ್ ಹಾಕಿಸಿದವರು ಮತ್ತೆ ವಿಂಡೋಸಿಗೆ ಮರಳುವುದು ಅದು ನಿಧಾನ ಎಂದಲ್ಲ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲು ಓದಲು ಬರಲಿಲ್ಲ, ಪ್ರಿಂಟರ್ ನಡೆಯಲಿಲ್ಲ, ಲೆಕ್ಕಪತ್ರದ ಟ್ಯಾಲಿ ಇಲ್ಲ: ಈ ಮೂರರಲ್ಲಿ ಒಂದು ಕಾರಣ ಇದ್ದೇ ಇರುತ್ತದೆ. ಮೂರನ್ನೂ ವಿಂಡೋಸ್ ಇರುವಾಗಲೇ ಬಗೆಹರಿಸಿಕೊಳ್ಳಬೇಕು.

ನುಡಿಯಿಂದ ಶುರು ಮಾಡೋಣ. ನುಡಿಯ ಹಳೆಯ ಆವೃತ್ತಿಗಳಲ್ಲಿ ಟೈಪ್ ಮಾಡಿದ ಫೈಲಿನೊಳಗೆ ನಿಜಕ್ಕೂ ಕನ್ನಡ ಅಕ್ಷರ ಇರುವುದಿಲ್ಲ. ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅವಕ್ಕೆ ಕನ್ನಡದ ರೂಪ ತೊಡಿಸುವುದು ನುಡಿ ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಮೂರಕ್ಷರದ ಜಾಗದಲ್ಲಿ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುವೆ ಒಂದು ಪೌಂಡ್ ಚಿಹ್ನೆ ಕಾಣುತ್ತವೆ. ಫೈಲು ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಆದ್ದರಿಂದ ವಿಂಡೋಸ್ ಅಳಿಸುವ ಮೊದಲು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ನುಡಿ, ಬರಹ, ಶ್ರೀಲಿಪಿ ಯಾವುದು ಬಳಸಿದ್ದೀರೋ ಅದರ ಎಲ್ಲ ಫಾಂಟ್ ಫೈಲುಗಳನ್ನು ಬೇರೆಡೆ ಕಾಪಿ ಮಾಡಿಕೊಳ್ಳಿರಿ. ಮಿಂಟ್‌ನಲ್ಲಿ ನಿಮ್ಮ ಹೋಂ ಫೋಲ್ಡರಿನೊಳಗೆ ‘.ಫಾಂಟ್ಸ್’ ಎಂಬ ಫೋಲ್ಡರ್ ಮಾಡಿ ಅವನ್ನು ಅದರಲ್ಲಿ ಹಾಕಿರಿ. ಫೋಲ್ಡರಿನ ಹೆಸರು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿರಬೇಕು, ಮುಂದೆ ಚುಕ್ಕಿ ಇರಬೇಕು. ಚುಕ್ಕಿ ಇರುವ ಫೋಲ್ಡರ್ ಅಡಗಿರುತ್ತದೆ, ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಕಾಣುತ್ತದೆ. ಪತ್ರ ಬರೆಯುವ ತಂತ್ರಾಂಶವಾದ ಲಿಬ್ರೆಆಫೀಸ್ ಮುಚ್ಚಿ ತೆರೆದರೆ ಹಳೆಯ ಪತ್ರ ಓದಲು, ಪ್ರಿಂಟ್ ತೆಗೆಯಲು ಬರುತ್ತದೆ.

ತಿದ್ದಿ ಬರೆಯಬೇಕಾದರೆ ಮಾತ್ರ ಯೂನಿಕೋಡಿಗೆ, ಅಂದರೆ ಎಲ್ಲ ಯಂತ್ರಗಳಿಗೂ ತಿಳಿಯುವ ಅಕ್ಷರ ಸಂಕೇತಕ್ಕೆ ಬದಲಿಸಿಕೊಳ್ಳಬೇಕು. ಪರಿವರ್ತಕಗಳು ಸಿಗುತ್ತವೆ, ಆದರೆ ಅವು ಎಡವುವ ಜಾಗ ಗೊತ್ತಿರಬೇಕು. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರಕಾರ ಮೊದಲು. ‘ಸೂರ್ಯ’, ‘ಕಾರ್ಯದರ್ಶಿ’ಯಂಥ ಪದಗಳಲ್ಲಿ ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ಕೂರಿಸಬೇಕು, ಒತ್ತಕ್ಷರ ಹೆಚ್ಚಿದ್ದಲ್ಲಿ ತಪ್ಪುತ್ತದೆ. ಎರಡನೆಯದು, ಕನ್ನಡದ ನಡುವೆ ಇಂಗ್ಲಿಷ್ ಪದ ಇದ್ದರೆ ಬರಿ ಅಕ್ಷರ ನೋಡುವ ಪರಿವರ್ತಕಕ್ಕೆ ಅದು ಇಂಗ್ಲಿಷ್ ಎಂದು ತಿಳಿಯುವುದಿಲ್ಲ. ವಾಹನದ ನಂಬರು, ಇಮೇಲ್ ವಿಳಾಸ, ಬ್ಯಾಂಕಿನ ಐಎಫ್‌ಎಸ್‌ಸಿ ಎಲ್ಲ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತವೆ. ಪರಿವರ್ತನೆ ಆದ ಪ್ರತಿಯನ್ನು ಮೂಲದ ಪಕ್ಕ ಇಟ್ಟು ಸಾಲುಸಾಲಾಗಿ ಓದಿರಿ, ಮೂಲ ಫೈಲನ್ನು ಎಂದೂ ಅಳಿಸಬೇಡಿರಿ.

ಹೊಸದಾಗಿ ಬರೆಯುವುದಕ್ಕೆ ಹೆದರಿಕೆ ಬೇಡ, ನುಡಿಯ ಕೀಲಿಮಣೆ ಲಿನಕ್ಸಿನಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಕನ್ನಡ ಟೈಪಿಂಗಿಗೆ ಬೇಕಾದ ಐಬಸ್ ಮತ್ತು ಐಬಸ್-ಎಂ17ಎನ್ ಎರಡನ್ನೂ ಹಾಕಿಕೊಂಡು, ‘ಇನ್‌ಪುಟ್ ಮೆಥಡ್’ ಕಿಟಕಿಯಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್‌ಔಟ್ ಮಾಡಿ ಒಳಗೆ ಬನ್ನಿರಿ. ಲಾಗ್‌ಔಟ್ ಮಾಡದೆ ‘ಕನ್ನಡ ಬರ್ತಾ ಇಲ್ಲ’ ಎಂದು ತ್ರಾಸು ಪಡುವವರೇ ಹೆಚ್ಚು. ನಂತರ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಸೇರಿಸಿರಿ. ಅದೇ ನುಡಿಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಬೇರೆ ವಿನ್ಯಾಸಗಳು. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಬೆರಳಿನ ಅಭ್ಯಾಸ ಹಾಗೇ ಉಳಿಯುತ್ತದೆ: ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ‘ಕನ್ನಡ’. ನಡುವಿನ ಎಫ್ ಒತ್ತಕ್ಷರ ಕೂಡಿಸುವ ಕೀಲಿ, ಡಬ್ಲ್ಯೂ ಅಂದರೆ ಡಕಾರ.

ಮುದ್ರಣ ಕಾಶಿ ಎನಿಸಿಕೊಂಡ ಗದಗದ ಡಿಟಿಪಿ ಅಂಗಡಿಯವರಿಗೆ ಮಾತ್ರ ಬೇರೆ ಮಾತು. ಪೇಜ್‌ಮೇಕರ್, ಕೋರೆಲ್‌ಡ್ರಾ ಫೈಲುಗಳು ರಾಶಿ ಇದ್ದರೆ ಆ ಯಂತ್ರವನ್ನು ಮುಟ್ಟಬೇಡಿರಿ. ಅದನ್ನು ಇಂಟರ್ನೆಟ್ಟಿನಿಂದ ಬಿಡಿಸಿ ವಿಂಡೋಸಿನಲ್ಲೇ ಉಳಿಸಿ, ಇಮೇಲ್ ಮತ್ತು ಬ್ಯಾಂಕಿನ ಕೆಲಸಕ್ಕೆ ಇನ್ನೊಂದರಲ್ಲಿ ಲಿನಕ್ಸ್ ಹಾಕುವುದು ಶಾಣ್ಯಾತನ. ಬ್ಯಾಡಗಿ, ಹಾವೇರಿ ಕಡೆಯ ಅಡತಿ ಅಂಗಡಿಗಳ ಲೆಕ್ಕಕ್ಕೂ ಇದೇ ಮಾತು. ಟ್ಯಾಲಿ ವಿಂಡೋಸಿನ ತಂತ್ರಾಂಶ. ವೈನ್ ಎಂಬ ಹೊದಿಕೆಯಲ್ಲಿ ನಡೆಸಬಹುದು ಎಂದು ಹೇಳುವವರಿದ್ದರೂ ಜಿಎಸ್‌ಟಿ ಲೆಕ್ಕವನ್ನು ಅದರ ಮೇಲೆ ಬಿಡುವುದು ಸರಿಯಲ್ಲ. ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಟೋಕನ್ ಇಟ್ಟುಕೊಂಡವರು ತಮ್ಮ ಸಾಧನಕ್ಕೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಬೇಕು.

ಪ್ರಿಂಟರಿನ ವಿಷಯದಲ್ಲಿ ಮಾದರಿ ಸಂಖ್ಯೆಯೇ ಎಲ್ಲ. ಇತ್ತೀಚಿನ ವೈಫೈ ಪ್ರಿಂಟರುಗಳು ಬಹುತೇಕ ಡ್ರೈವರ್ ಇಲ್ಲದೆಯೇ ನಡೆಯುತ್ತವೆ. ಎಚ್‌ಪಿ ಲೇಸರ್‌ಜೆಟ್ 1020 ತನ್ನೊಳಗೆ ಫರ್ಮ್‌ವೇರ್, ಅಂದರೆ ತನ್ನನ್ನು ನಡೆಸುವ ತಂತ್ರಾಂಶ ಇಟ್ಟುಕೊಳ್ಳುವುದಿಲ್ಲ, ಪ್ರತಿ ಸಲ ಚಾಲೂ ಮಾಡಿದಾಗ ಕಂಪ್ಯೂಟರೇ ಅದನ್ನು ಕಳಿಸಬೇಕು. ಹಾಗಾಗಿ ಎಚ್‌ಪಿಲಿಪ್ ಎಂಬ ಎಚ್‌ಪಿಯ ಲಿನಕ್ಸ್ ಡ್ರೈವರ್ ಜೊತೆ ಅದರ ಪ್ಲಗಿನ್ ಕೂಡ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಲ್ಲದಿದ್ದರೆ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಹಾಳೆ ಹೊರಬರುವುದಿಲ್ಲ. ಅಂಗಡಿ, ಕಚೇರಿಗಳಲ್ಲಿ ರಗಡ ಇರುವ ಕ್ಯಾನನ್ ಎಲ್‌ಬಿಪಿ 2900 ನಿಜವಾಗಿಯೂ ಕಾಡುತ್ತದೆ. ಅದು ಕ್ಯಾಪ್ಟ್ ಎಂಬ ತನ್ನದೇ ಭಾಷೆ ಆಡುವ ಪ್ರಿಂಟರು, ಅದರ ಹಳೆಯ ಲಿನಕ್ಸ್ ಡ್ರೈವರ್ 32 ಬಿಟ್ಟಿನ ಲೈಬ್ರರಿ ಕೇಳುತ್ತದೆ. ದಿನಾ ಇದರಲ್ಲೇ ಪ್ರಿಂಟ್ ತೆಗೆಯುವವರು ವಿಂಡೋಸ್ ಇರುವ ಒಂದು ಯಂತ್ರ ಉಳಿಸಿಕೊಳ್ಳುವುದೇ ಮೇಲು.

ಈಗ ಯಂತ್ರಕ್ಕೆ ಬರೋಣ. ಹಳೆಯ ಲ್ಯಾಪ್‌ಟಾಪ್ ತೆವಳುವುದು ಬಹುಪಾಲು ಹಾರ್ಡ್‌ಡಿಸ್ಕಿನಿಂದ. 5400 ಸುತ್ತಿನ ತಟ್ಟೆ ತಿರುಗಿ, ಸೂಜಿ ಜಾಗ ಹುಡುಕಿ ಓದುವಷ್ಟರಲ್ಲಿ ಪ್ರೊಸೆಸರ್ ಸುಮ್ಮನೆ ಕಾಯುತ್ತಿರುತ್ತದೆ. ಡಿಸ್ಕ್ ಹಾಗೇ ಇಟ್ಟು ಲಿನಕ್ಸ್ ಹಾಕಿದರೆ ತುಸು ಹಗುರಾಗುತ್ತದೆ, ಅಷ್ಟೇ. ಅದರ ಬದಲು ತಿರುಗುವ ತಟ್ಟೆ ಇಲ್ಲದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 240 ಅಥವಾ 256 ಜಿಬಿಯದು ಹಾಕಿರಿ. ಅಂಗಡಿಯಲ್ಲಿ ‘ಸಾಟಾ, 2.5 ಇಂಚು’ ಎಂದು ಸ್ಪಷ್ಟ ಹೇಳಬೇಕು; ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಇಂಥ ಹಳೆಯ ಹೆಚ್ಚಿನ ಲ್ಯಾಪ್‌ಟಾಪುಗಳಿಗೆ ಕೂಡುವುದಿಲ್ಲ. ಹಳೆಯ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ 7 ಮಿಲಿಮೀಟರ್. ಆ ಎರಡೂವರೆ ಮಿಲಿಮೀಟರ್ ಸಂದಿಗೆ ಜೊತೆಗೆ ಬರುವ ಪ್ಲಾಸ್ಟಿಕ್ ಚೌಕಟ್ಟು ಅಂಟಿಸದಿದ್ದರೆ ಎಸ್‌ಎಸ್‌ಡಿ ಅಲುಗಾಡಿ ಕನೆಕ್ಟರ್ ಸಡಿಲಾಗುತ್ತದೆ.

ರ್‍ಯಾಮ್ 4 ಜಿಬಿ ಇದ್ದರೆ ಮಿಂಟ್ ನಡೆಯುತ್ತದೆ, ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ. 8 ಜಿಬಿ ಆದರೆ ಚಿಂತೆಯಿಲ್ಲ. ಕೊಳ್ಳುವಾಗ ಹಳೆಯ ರ್‍ಯಾಮ್ ಕಡ್ಡಿ ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗಿರಿ. ಅದರ ಚೀಟಿಯ ಮೇಲೆ ‘ಪಿಸಿ3’ ಎಂದಿದೆಯೋ ‘ಪಿಸಿ3ಎಲ್’ ಎಂದಿದೆಯೋ ನೋಡಿರಿ. ಎಲ್ ಅಂದರೆ 1.35 ವೋಲ್ಟ್, ಎಲ್ ಇಲ್ಲದ್ದು 1.5 ವೋಲ್ಟ್. 4ನೇ ತಲೆಮಾರು ಮತ್ತು ನಂತರದ ಡಿಡಿಆರ್3 ಲ್ಯಾಪ್‌ಟಾಪುಗಳಿಗೆ ಎಲ್ ಇರುವುದೇ ಬೇಕು, ಇಲ್ಲದಿದ್ದರೆ ಪರದೆಯೇ ಬೆಳಗದೆ ಹೋಗಬಹುದು.

ಡೆಸ್ಕ್‌ಟಾಪ್ ಆದರೆ ಇನ್ನೊಂದು ಸಣ್ಣ ವಸ್ತು ಮರೆಯಬೇಡಿರಿ: ಮದರ್‌ಬೋರ್ಡಿನ ಮೇಲಿನ ಗುಂಡಗಿನ ಸೆಲ್, ಸಿಆರ್2032. ಅದು ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹತ್ತು-ಹದಿನೈದು ವರ್ಷ ಹಿಂದಕ್ಕೆ ಓಡುತ್ತದೆ. ಆಗ ಬ್ರೌಸರ್ ಎಲ್ಲ ತಾಣಗಳನ್ನೂ ಅಸುರಕ್ಷಿತ ಎನ್ನುತ್ತದೆ, ಅಪ್‌ಡೇಟ್ ಮ್ಯಾನೇಜರ್ ‘ಈ ಕಡತ ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂಬ ಅರ್ಥದ ದೋಷ ತೋರಿಸುತ್ತದೆ. ಲಿನಕ್ಸ್ ಕೆಟ್ಟಿತು ಎಂದು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತ ಕೂರುವ ಬದಲು ಸೆಲ್ ಬದಲಿಸಿ, ಯಂತ್ರ ಏಳುವಾಗ ತೆರೆಯುವ ಬಯಾಸ್ ಸೆಟ್ಟಿಂಗಿನಲ್ಲಿ ತಾರೀಖು ಸರಿಪಡಿಸಿದರೆ ಸಾಕು.

ಮಿಂಟ್‌ನಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ಮುಖಗಳಿವೆ. 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ತಗೊಳ್ಳಿರಿ. ಇಳಿಸಿಕೊಳ್ಳುವ ಫೈಲ್ ಸುಮಾರು 3 ಜಿಬಿ, ಪೆನ್‌ಡ್ರೈವ್ 8 ಜಿಬಿಯದು ಬೇಕು. ಇಳಿಸಿದ ಮೇಲೆ ತಾಣದಲ್ಲಿ ಕೊಟ್ಟ ಎಸ್‌ಎಚ್‌ಎ256 ಎಂಬ ಗುರುತು ಸಂಖ್ಯೆಗೆ ತಾಳೆ ನೋಡಿರಿ. ನಡುವೆ ನೆಟ್ ಕಡಿದು ಅರೆಬರೆ ಇಳಿದ ಫೈಲಿನಿಂದಲೇ ಅರ್ಧಕ್ಕೆ ನಿಲ್ಲುವ ಇನ್‌ಸ್ಟಾಲ್‌ಗಳು ಬಹಳ. ರುಫಸ್ ಎಂಬ ತಂತ್ರಾಂಶದಿಂದ ಈ ಫೈಲನ್ನು ಪೆನ್‌ಡ್ರೈವಿಗೆ ಬರೆಯುವಾಗ, 2011ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಹೆಚ್ಚಿನವು ಹಳೆಯ ಬಯಾಸಿನವು, ಅವಕ್ಕೆ ಎಂಬಿಆರ್ ಆರಿಸಬೇಕು. ಬರೆದ ಪೆನ್‌ಡ್ರೈವ್ ಏಳದಿದ್ದರೆ ಡಿಡಿ ಮೋಡ್‌ನಲ್ಲಿ ಇನ್ನೊಮ್ಮೆ ಬರೆಯಿರಿ. ಪೆನ್‌ಡ್ರೈವಿನಿಂದ ಏಳಿಸಲು ಯಂತ್ರ ಚಾಲೂ ಆಗುವಾಗ ಬೂಟ್ ಪಟ್ಟಿಯ ಕೀಲಿ ಒತ್ತಬೇಕು: ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9.

ಪೆನ್‌ಡ್ರೈವಿನಿಂದ ಎದ್ದ ಮೇಲೆ ಇನ್‌ಸ್ಟಾಲ್ ಚಿತ್ರ ಒತ್ತದೆ ಅರ್ಧ ತಾಸು ಬಳಸಿ ನೋಡಿರಿ. ವೈಫೈ, ಧ್ವನಿ, ಟಚ್‌ಪ್ಯಾಡ್, ಕ್ಯಾಮೆರಾ, ಪರದೆಯ ಬೆಳಕು; ಮುಚ್ಚಳ ಮುಚ್ಚಿ ತೆರೆದರೆ ಮತ್ತೆ ಏಳುತ್ತದೆಯೇ; ಪ್ರಿಂಟರಿನಿಂದ ಒಂದು ಹಾಳೆ ಬರುತ್ತದೆಯೇ. ವೈಫೈ ಕಾಣದಿದ್ದರೆ ಬಹುತೇಕ ಅದು ಬ್ರಾಡ್‌ಕಾಮ್ ಚಿಪ್. ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ನೆಟ್ ಬರುತ್ತದೆ; ಇನ್‌ಸ್ಟಾಲ್ ಆದ ಮೇಲೆ ಡ್ರೈವರ್ ಮ್ಯಾನೇಜರಿನಿಂದ ಅದರ ಡ್ರೈವರ್ ಹಾಕಿಕೊಳ್ಳಬಹುದು. ಪರದೆ ಕಪ್ಪಾಗಿ ನಿಂತರೆ ಮೊದಲ ಪಟ್ಟಿಯಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿರಿ.

ಇನ್‌ಸ್ಟಾಲ್ ಮಾಡುವಾಗ ಒಂದೇ ನೇಮ: ಉಳಿಯಬೇಕಾದ ಡಿಸ್ಕ್ ಯಂತ್ರದೊಳಗೆ ಇರಕೂಡದು. ಹಳೆಯ ಹಾರ್ಡ್‌ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟು, ಖಾಲಿ ಎಸ್‌ಎಸ್‌ಡಿ ಒಂದೇ ಇದ್ದರೆ ‘ಡಿಸ್ಕ್ ಅಳಿಸಿ’ ಎಂಬ ಆಯ್ಕೆಯಿಂದ ನಷ್ಟವಾಗಲು ಏನೂ ಇರುವುದಿಲ್ಲ. ಹಾಡು, ವಿಡಿಯೋ ನಡೆಯಲು ಬೇಕಾದ ಮಲ್ಟಿಮೀಡಿಯಾ ಕೊಡೆಕ್ಸ್ ಚೌಕಕ್ಕೆ ಗುರುತು ಹಾಕಿರಿ. ಮಳೆಗಾಲದ ಸಂಜೆ ಕರೆಂಟ್ ಕಣ್ಣುಮುಚ್ಚಾಲೆ ಆಡುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಈ ಕೆಲಸ ಬೇಡ.

ಒಂದೇ ಡಿಸ್ಕಿನಲ್ಲಿ ವಿಂಡೋಸ್ ಜೊತೆಗೂ ಇಡುವವರು ಮೊದಲು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಬೇಕು. ಅದು ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಗೆ ಜಾರುತ್ತದೆ. ಆಗ ಲಿನಕ್ಸಿನಲ್ಲಿ ಡಿ ಡ್ರೈವ್ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಇನ್ನು ಗಡಿಯಾರ. ಲಿನಕ್ಸ್ ಯಂತ್ರದ ಗಡಿಯಾರವನ್ನು ಗ್ರೀನ್‌ವಿಚ್ ವೇಳೆಗೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ವೇಳೆ ಎಂದು ಓದುತ್ತದೆ. ಅದಕ್ಕೇ ವಿಂಡೋಸಿಗೆ ಹೋದಾಗ ಸಮಯ ಬರೋಬ್ಬರಿ ಐದೂವರೆ ತಾಸು ಹಿಂದೆ ಕಾಣುತ್ತದೆ. ಲಿನಕ್ಸಿನ ಟರ್ಮಿನಲ್‌ನಲ್ಲಿ ‘timedatectl set-local-rtc 1’ ಎಂದು ಕೊಟ್ಟರೆ ಇಬ್ಬರಿಗೂ ರಾಜಿ ಆಗುತ್ತದೆ.

ಬಳಸಲು ಶುರು ಮಾಡಿದ ಮೇಲೆ ಬರುವ ದೂರು ಮುಖ್ಯವಾಗಿ ಯೂಟ್ಯೂಬಿನದು: ಫ್ಯಾನ್ ಜೋರಾಗುತ್ತದೆ, ಚಿತ್ರ ತಡವರಿಸುತ್ತದೆ. ಯೂಟ್ಯೂಬ್ ಕಳಿಸುವುದು ಹೆಚ್ಚಾಗಿ ವಿಪಿ9 ಅಥವಾ ಎವಿ1 ವಿಡಿಯೋ, 5ನೇ ತಲೆಮಾರಿನವರೆಗಿನ ಇಂಟೆಲ್ ಚಿಪ್ಪುಗಳ ಗ್ರಾಫಿಕ್ಸಿಗೆ ಪೂರ್ತಿ ಬಿಡಿಸಲು ಬರುವುದು ಎಚ್264 ಎಂಬ ಹಳೆಯ ಬಗೆ. ಫೈರ್‌ಫಾಕ್ಸಿಗೆ ಎಚ್264ಇಫೈ ಎಂಬ ಆಡ್‌ಆನ್ ಹಾಕಿ 720ರಲ್ಲಿ ನೋಡಿದರೆ ಭಾರ ಇಳಿಯುತ್ತದೆ. ವ್ಯವಸ್ಥೆಯ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ಚಾಲೂ ಮಾಡಿರಿ, ಆದರೆ ಎರಡೇ ದಿನದ ಪ್ರತಿ, ಒಂದು ವಾರದ ಪ್ರತಿ ಇರಲಿ. ಮಿತಿ ಇಡದಿದ್ದರೆ ಸಣ್ಣ ಎಸ್‌ಎಸ್‌ಡಿ ತುಂಬಿ, ಒಂದು ದಿನ ಪಾಸ್‌ವರ್ಡ್ ಸರಿ ಕೊಟ್ಟರೂ ಲಾಗಿನ್ ಪರದೆಗೇ ಮರಳಿ ತಂದು ನಿಲ್ಲಿಸುತ್ತದೆ. ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯನ್ನು, ನಿಮ್ಮ ಫೋಟೋ ಮತ್ತು ಪತ್ರಗಳನ್ನಲ್ಲ. ಅವುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಬೇಕು.

ಬಿಚ್ಚಿಟ್ಟ ಹಳೆಯ ಹಾರ್ಡ್‌ಡಿಸ್ಕನ್ನು 2.5 ಇಂಚಿನ ಯುಎಸ್‌ಬಿ ಕೇಸಿಗೆ ಹಾಕಿ, ಎರಡು ತಿಂಗಳು ಫಾರ್ಮ್ಯಾಟ್ ಮಾಡದೆ ಹಾಗೇ ಇಡಿರಿ. ಬ್ರೌಸರಿನ ಪಾಸ್‌ವರ್ಡು, ಡೆಸ್ಕ್‌ಟಾಪ್ ಮೇಲೆ ಬಿಟ್ಟ ಒಂದು ಸ್ಕ್ಯಾನ್ ಪ್ರತಿ, ಕಾಪಿ ಮಾಡಲು ಮರೆತ ಒಂದು ನುಡಿ ಫಾಂಟ್ ನೆನಪಾಗುವುದು ಮೂರನೇ ವಾರಕ್ಕೆ.