ಮರ ನಿಂತಲ್ಲೇ ಅದೆ

"ಮರ ಕಡುಸ್ಬುಡಿ ಅಜ್ಜಿ, ಸಿಗ್ನಲ್ ತಾನಾಗೇ ಬತ್ತದೆ."

ಪಾಂಡವಪುರದ ಕಡೆಯ ಒಂದು ಊರಿನಲ್ಲಿ, ಕಳೆದ ಶನಿವಾರ, ತಾರಸಿಯ ಅಂಚಿಗೆ ಬಂದು ಕೆಳಗೆ ಬಗ್ಗಿ ಡಿಶ್ ರಿಪೇರಿಯ ಹುಡುಗ ಹೇಳಿದ ಮಾತು ಇದು. ಬೆಳಗ್ಗೆ ಹನ್ನೊಂದರ ಹೊತ್ತು. ಅಂಗಳದಲ್ಲಿ ನಿಂತಿದ್ದ ಅಜ್ಜಿ ಒಮ್ಮೆ ತೆಂಗಿನ ಮರ ನೋಡಿದರಂತೆ, ಒಮ್ಮೆ ಅವನ ಮುಖ ನೋಡಿದರಂತೆ. "ಮರ ನಿಂತಲ್ಲೇ ಅದೆ ಕನಪ್ಪ. ಹೋಗದು ಬರದು ಟಿವಿ." ಅವನಿಗೆ ಕೇಳಿಸಿತೋ ಇಲ್ಲವೋ, ಇನ್ನೂರು ರೂಪಾಯಿ ಇಸಿದುಕೊಂಡು ಬೈಕ್ ಹತ್ತಿದ. ಭಾನುವಾರ ನಾನು ಹೋದಾಗ ಅಜ್ಜಿ ಅವನ ಮಾತನ್ನು ಅವನ ದನಿಯಲ್ಲಿ, ತಮ್ಮ ಮಾತನ್ನು ತಮ್ಮ ದನಿಯಲ್ಲಿ ಮೂರು ಸಲ ಹೇಳಿ ತೋರಿಸಿದರು. ಈ ವಾರವೆಲ್ಲ ಅದೇ ಕಿವಿಯಲ್ಲಿದೆ.

ಗುರುವಾರ ವಿಜಯದಶಮಿ. ಮೈಸೂರಿನ ಜನಜಾತ್ರೆಯಲ್ಲಿ ನಿಲ್ಲುವ ಕಾಲು ಅಜ್ಜಿಗೆ ಈಗಿಲ್ಲ. ಚಂದನದಲ್ಲಿ ಜಂಬೂ ಸವಾರಿ ನೋಡಬೇಕು, ಅಷ್ಟೇ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲೇ "ಕಡ್ಸಾಕವ್ವ" ಎಂದಿದ್ದರಿಂದ ಮರ ಕಡಿಯುವವನಿಗೂ ಹೇಳಿ ಕಳಿಸಿ ಆಗಿತ್ತು. ದೂರದಲ್ಲಿ ಕೂತವರಿಗೆ ಇಂಥ ತೀರ್ಮಾನ ಎಷ್ಟು ಸುಲಭವಾಗಿ ಬಂದುಬಿಡುತ್ತದೆ! ವರ್ಷಕ್ಕೆ ನೂರರ ಆಸುಪಾಸು ಕಾಯಿ ಕೊಡುವ ಮರ ಅದು.

ಅಜ್ಜಿಯ ದೂರು ಸ್ಪಷ್ಟವಾಗಿತ್ತು. ಐದು ದಿನದಿಂದ, ಹನ್ನೊಂದಾಗುತ್ತಿದ್ದ ಹಾಗೆ ಚಿತ್ರ ಚೌಕ ಚೌಕವಾಗಿ ಒಡೆದು ಕಾಲು ಗಂಟೆ ಹೋಗುತ್ತದೆ, ಆಮೇಲೆ ತಾನೇ ಬರುತ್ತದೆ. ಸಂಜೆ ನಾಲ್ಕು ಹನಿ ಬಿದ್ದರೂ ಹೋಗುತ್ತದೆ. ಗಡಿಯಾರ ನೋಡಿ ಲೆಕ್ಕ ಇಟ್ಟಿದ್ದರು. ಡಿಶ್ ಕೆಲಸ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ. ಅಡ್ಡ ಇರುವ ವಸ್ತು ಇಡೀ ದಿನ ಅಡ್ಡ ಇರುತ್ತದೆ. ಗಾಳಿಗೆ ಗರಿ ಆಡಿ ಅಡ್ಡ ಬಂದರೆ ಚಿತ್ರ ಕ್ಷಣಕ್ಕೊಮ್ಮೆ ಮುಗ್ಗರಿಸುತ್ತದೆಯೇ ಹೊರತು, ಕಾಲು ಗಂಟೆ ಪೂರ್ತಿ ಸತ್ತು ಮತ್ತೆ ಮಾರನೆಯ ದಿನ ಹನ್ನೊಂದರವರೆಗೆ ತಣ್ಣಗಿರುವುದಿಲ್ಲ.

ನಮ್ಮ ಮೈಸೂರು, ಮಂಡ್ಯದವರು ಮೊದಲು ತಿಳಿಯಬೇಕಾದ್ದು ಕೋನ. ದೂರದರ್ಶನದ ಫ್ರೀ ಡಿಶ್ ಚಾನೆಲ್‌ಗಳು ಬರುವುದು ಜಿಸ್ಯಾಟ್-15ರಿಂದ. 2015ರ ನವೆಂಬರಿನಲ್ಲಿ ಹಾರಿಸಿದ ಉಪಗ್ರಹ. ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿದೆ. ಇಂಥ ಉಪಗ್ರಹಗಳನ್ನು ಅಲುಗಾಡದಂತೆ ಕಾಯುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಕೇಂದ್ರ ಇರುವುದು ನಮ್ಮ ಪಕ್ಕದ ಹಾಸನದಲ್ಲಿ. ಮೈಸೂರಿನಿಂದ ಲೆಕ್ಕ ಹಾಕಿದರೆ ಉಪಗ್ರಹದ ದಿಕ್ಕು ಉತ್ತರದಿಂದ 125 ಡಿಗ್ರಿ, ಅಂದರೆ ಆಗ್ನೇಯಕ್ಕಿಂತ ಒಂದು ಹತ್ತು ಡಿಗ್ರಿ ಪೂರ್ವಕ್ಕೆ. ಮಂಡ್ಯದಲ್ಲಿ 126. ಎತ್ತರ, ಅಂದರೆ ತಲೆ ಎತ್ತಿ ನೋಡಬೇಕಾದ ಕೋನ, ಎರಡೂ ಕಡೆ 66 ಡಿಗ್ರಿಗೆ ಕೂದಲೆಳೆ ಕಡಿಮೆ. ನೆತ್ತಿಯ ಮೇಲೆ ಎಂದೇ ಹೇಳಬೇಕು.

ಇಷ್ಟು ಎತ್ತರದಲ್ಲಿರುವುದಕ್ಕೆ ಏನೂ ಸುಲಭದಲ್ಲಿ ಅಡ್ಡ ಬರುವುದಿಲ್ಲ. ಗೋಡೆಯೋ ಮರವೋ ಡಿಶ್ಶಿಗಿಂತ ಎಷ್ಟು ಅಡಿ ಎತ್ತರವಿದೆಯೋ ಅದನ್ನು 2.2ರಿಂದ ಭಾಗಿಸಿ, ಅಷ್ಟು ಅಡಿ ದೂರವಿದ್ದರೆ ಸಾಕು. ಪಕ್ಕದ ಮನೆಯವರು 10 ಅಡಿಯ ಇನ್ನೊಂದು ಮಹಡಿ ಎಬ್ಬಿಸಿದರೂ ನಿಮ್ಮ ಡಿಶ್ 5 ಅಡಿ ಹಿಂದಿದ್ದರೆ ಜಗಳಕ್ಕೆ ಕಾರಣವಿಲ್ಲ. ಅಜ್ಜಿಯ ಮನೆಯಲ್ಲಿ ಟೇಪು ಹಿಡಿದೆವು. ಡಿಶ್ಶಿನಿಂದ ಮರದ ಬುಡಕ್ಕೆ 35 ಅಡಿ. ನಮ್ಮ ಕಡೆ ಚಾಚಿದ ಗರಿಯ ತುದಿಗೆ 24 ಅಡಿ. ಮರದ ತಲೆ ಡಿಶ್ಶಿಗಿಂತ 28 ಅಡಿ ಮೇಲಿದೆ. ಅಷ್ಟು ದೂರದಲ್ಲಿದ್ದು ಆ ಗರಿ ಅಡ್ಡ ಬರಬೇಕಾದರೆ 53 ಅಡಿ ಮೇಲಿರಬೇಕಿತ್ತು.

ಹಾಗಾದರೆ ಹುಡುಗ ಮರದ ಮೇಲೆ ಯಾಕೆ ಹೊರಿಸಿದ? ಅವನ ಪರವಾಗಿ ಇಲ್ಲೊಂದು ಮಾತು ಹೇಳಲೇಬೇಕು, ಈ ತಪ್ಪು ಯಾರಿಗಾದರೂ ಆಗುವಂಥದ್ದು. ಮನೆಗಳಿಗೆ ಹಾಕುವ ಚಿಕ್ಕ ಡಿಶ್ಶುಗಳು ಆಫ್‌ಸೆಟ್ ಮಾದರಿಯವು. ಮುಖ ಎತ್ತ ನೋಡುತ್ತದೋ ಅದಕ್ಕಿಂತ ಸುಮಾರು 25 ಡಿಗ್ರಿ ಮೇಲಿನಿಂದ ಸಿಗ್ನಲ್ ಹಿಡಿಯುತ್ತವೆ. ಮುಂದಿನ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ನೆರಳು ಡಿಶ್ಶಿನ ಮೇಲೆ ಬೀಳದಿರಲಿ ಎಂದೇ ಆ ಆಕಾರ. 66ರಲ್ಲಿ 25 ಕಳೆದರೆ 41. ಡಿಶ್ಶಿನ ಹಿಂದೆ ಕೂತು ಅದರ ಮುಖದ ನೇರಕ್ಕೆ ಕಣ್ಣು ಹಾಯಿಸಿದರೆ, 41 ಡಿಗ್ರಿಯ ಆ ನೋಟ ಸರಿಯಾಗಿ ಹೋಗಿ ಮುಟ್ಟುವುದು ಅಜ್ಜಿಯ ಮರದ ಗರಿಗಳಿಗೆ. ಎದುರಿಗೇ ಕಾಣುವಾಗ ಮರವನ್ನು ಬಿಟ್ಟು ಇನ್ನೇನನ್ನು ಶಂಕಿಸುತ್ತಾನೆ?

ಹನ್ನೊಂದು ಗಂಟೆಯ ಕಳ್ಳ ಬೇರೆ. ವರ್ಷಕ್ಕೆ ಎರಡು ಸಲ, ನಮ್ಮ ಅಕ್ಷಾಂಶದಲ್ಲಿ ಮಾರ್ಚ್ ಮಧ್ಯಕ್ಕೂ ಸೆಪ್ಟೆಂಬರ್ ಕೊನೆಗೂ, ಕೆಲವು ದಿನ ಸೂರ್ಯ ಉಪಗ್ರಹದ ಬೆನ್ನ ಹಿಂದೆ ಹಾದುಹೋಗುತ್ತಾನೆ. ಆಗ ಡಿಶ್ಶಿಗೆ ಚಾನೆಲ್ಲಿನ ಜೊತೆ ಸೂರ್ಯನ ರೇಡಿಯೋ ಗದ್ದಲವೂ ಸೇರಿ ಬಂದು ಚಿತ್ರ ಒಡೆಯುತ್ತದೆ. ಈ ಉಪಗ್ರಹಕ್ಕೆ ಅದು ಮಾರ್ಚಿನಲ್ಲಿ ಬೆಳಗ್ಗೆ ಹನ್ನೊಂದೂಕಾಲರ ಹತ್ತಿರ, ಸೆಪ್ಟೆಂಬರಿನಲ್ಲಿ ಹನ್ನೊಂದಕ್ಕೆ ಐದು ನಿಮಿಷ ಇರುವಾಗ. ಚೆನ್ನಾಗಿ ಕೂರಿಸಿದ ಡಿಶ್ಶಿನಲ್ಲಿ ಇದು ಎರಡು ಮೂರು ನಿಮಿಷದ ಮಾತು, ಎಷ್ಟೋ ಮನೆಯಲ್ಲಿ ಗೊತ್ತೂ ಆಗುವುದಿಲ್ಲ. ಕಾಲು ಗಂಟೆ, ಅದೂ ಐದು ದಿನ ಹೋಗುತ್ತಿದೆ ಎಂದರೆ ಸಿಗ್ನಲ್ಲು ಮೊದಲೇ ಅಂಚಿನಲ್ಲಿ ನಿಂತಿದೆ ಎಂದರ್ಥ. ನಾಲ್ಕು ಹನಿಗೆ ಹೋಗುವುದಕ್ಕೂ ಅದೇ ಕಾರಣ.

ಭಾನುವಾರ ಸೆಪ್ಟೆಂಬರ್ 28. 10 ಗಂಟೆ 55 ನಿಮಿಷಕ್ಕೆ ತಾರಸಿಯಲ್ಲಿ ನಿಂತು ಅಜ್ಜಿಯನ್ನೂ ಮೆಟ್ಟಿಲ ಕೊನೆಗೆ ಕರೆದು ಕೂರಿಸಿದ್ದಾಯಿತು. ಸೂರ್ಯ ಉಪಗ್ರಹದ ಜಾಗದಲ್ಲೇ ಇರುವ ಆ ಗಳಿಗೆಯಲ್ಲಿ ಯಾವುದರ ನೆರಳು ಡಿಶ್ಶಿನ ಮೇಲೆ ಬೀಳುತ್ತದೋ ಅದೇ ಅಡ್ಡಿ. ಬೇರೆ ಉಪಕರಣ ಬೇಡ. ಮರದ ನೆರಳು ಅಂಗಳದಲ್ಲೇ, ತುಳಸಿಕಟ್ಟೆಯ ಆಚೆಗೇ ನಿಂತಿತ್ತು. ಡಿಶ್ಶಿನ ಮೇಲೆ ಪೂರ್ತಿ ಬಿಸಿಲು. ಒದ್ದೆ ಬಟ್ಟೆಯಿಂದ ಅದರ ಮುಖ ಒರೆಸಿದಾಗ, ನೀರು ಆರುವ ಮೊದಲಿನ ಆ ಅರ್ಧ ನಿಮಿಷ, ಬಣ್ಣದ ಮೇಲಿನ ತೇವ ಕನ್ನಡಿಯಂತಾಗಿ ಬೆಳಕೆಲ್ಲ ಒಟ್ಟುಗೂಡಿ ಎಲ್‌ಎನ್‌ಬಿಯ ಬಿಳಿ ಮುಚ್ಚಳದ ನಡುಮಧ್ಯೆ ನಿಂಬೆಹಣ್ಣಿನಷ್ಟು ದಪ್ಪಕ್ಕೆ ಕೂತಿತು. ಕೆಳಗೆ ಟಿವಿಯ ದನಿ ಕಟ್ಟಾಗಿತ್ತು. ಅಜ್ಜಿ ಮರದ ಕಡೆ ನೋಡಲೇ ಇಲ್ಲ, ಆ ಬೆಳಕನ್ನೇ ನೋಡಿದರು.

ಬೆಳಕು ನಡುವೆ ಕೂತದ್ದರಿಂದ ದಿಕ್ಕು, ಎತ್ತರ ಎರಡೂ ಸರಿ ಎಂದಾಯಿತು. ಉಳಿದದ್ದು ಎರಡೇ, ವೈರು ಮತ್ತು ಎಲ್‌ಎನ್‌ಬಿ.

ವೈರಿನಿಂದ ಶುರು ಮಾಡಬೇಕು. ಬಾಕ್ಸ್ ಸ್ವಿಚ್ ಆಫ್ ಮಾಡಿ (ವೈರಿನಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಹೋಗುತ್ತಿರುತ್ತದೆ, ವೈರಿನೊಳಗಿನ ಲೋಹದ ಜಾಲರಿ ನಡುತಂತಿಗೆ ತಗುಲಿ ಶಾರ್ಟ್ ಆದರೆ ಬಾಕ್ಸ್ ಕೆಡಬಹುದು), 11 ಎಂಎಂ ಸ್ಪ್ಯಾನರಿನಿಂದ ವೈರಿನ ತುದಿಯ ಎಫ್ ಕನೆಕ್ಟರ್ ಬಿಚ್ಚಿದಾಗ ನಡುವಿನ ತಾಮ್ರ ಹಸಿರು ಕಿಲುಬು ಹಿಡಿದಿತ್ತು, ಸುತ್ತಲ ಜಾಲರಿ ಕಪ್ಪಾಗಿತ್ತು. ವೈರು ಎಲ್‌ಎನ್‌ಬಿಯಿಂದ ನೇರ ಕೆಳಕ್ಕೆ ಬಂದಿದ್ದರೆ ಹೀಗಾಗುತ್ತಿರಲಿಲ್ಲ. ಅದು ಮೇಲಿಂದ ಇಳಿದು ಬಂದು ಸೇರಿತ್ತು, ಮಳೆನೀರು ವೈರನ್ನೇ ಹಿಡಿದು ಕನೆಕ್ಟರಿನೊಳಗೆ ಇಳಿಯುತ್ತಿತ್ತು. ಒಂದು ಅಡಿ ಕತ್ತರಿಸಿದ ಮೇಲೂ ಜಾಲರಿ ಕಪ್ಪೇ. ಮೂರು ಅಡಿಗೆ ಹೊಳೆಯುವ ಲೋಹ ಸಿಕ್ಕಿತು. ಹೊಸ ಕನೆಕ್ಟರಿನಲ್ಲಿ ನಡುತಂತಿ ಬಾಯಿಂದ 2-3 ಎಂಎಂ ಹೊರಗೆ ಚಾಚಿರಬೇಕು, ಜಾಲರಿಯ ಒಂದೇ ಒಂದು ಎಳೆಯೂ ಅದಕ್ಕೆ ತಾಗಬಾರದು. ತಿರುಗಿಸಿ ಹಾಕುವ ಅಗ್ಗದ ಕನೆಕ್ಟರ್ ಬೇಡ, ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರೇ ಮಳೆಗೆ ಬಾಳುವುದು. ಸೇರುವ ಮುಂಚೆ ವೈರನ್ನು ಒಂದು ಸುತ್ತು ಕೆಳಕ್ಕೆ ಜೋಲು ಬಿಡಬೇಕು, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ. ಇಷ್ಟಕ್ಕೆ ಬಾಕ್ಸ್ ತೋರಿಸುವ ಸಿಗ್ನಲ್ ಕ್ವಾಲಿಟಿ 41ರಿಂದ 55ಕ್ಕೆ ಏರಿತು. (ಸ್ಟ್ರೆಂತ್ ಎಂಬ ಇನ್ನೊಂದು ಗೆರೆ ಡಿಶ್ಶನ್ನು ಗೋಡೆಗೆ ತಿರುಗಿಸಿದರೂ ತೋರಿಸುತ್ತದೆ, ಅದನ್ನು ನಂಬಿ ಯಾರೂ ಬೋಲ್ಟ್ ಬಿಗಿಯಬಾರದು.)

ಎರಡನೆಯದು ಎಲ್‌ಎನ್‌ಬಿಯ ತಿರುವು. ಫ್ರೀ ಡಿಶ್ಶಿನ 11090 ಮೆಗಾಹರ್ಟ್ಸ್ ತರಂಗ ವರ್ಟಿಕಲ್, ಅಂದರೆ ನೆಟ್ಟಗೆ ಕಂಪಿಸುವಂಥದ್ದು. ಆದರೆ ಆ ವರ್ಟಿಕಲ್ಲು ಉಪಗ್ರಹದ ಕಾಲಬುಡದ ಲೆಕ್ಕ. ನಾವು ಅದಕ್ಕಿಂತ ಸುಮಾರು 17 ಡಿಗ್ರಿ ಪಶ್ಚಿಮಕ್ಕೆ ಇರುವುದರಿಂದ ಇಲ್ಲಿಗೆ ಬರುವಾಗ ಓರೆಯಾಗಿರುತ್ತದೆ. ದೆಹಲಿಯಲ್ಲಿ ಆ ಓರೆ ಲೆಕ್ಕದ ಪ್ರಕಾರ 27 ಡಿಗ್ರಿ, ನಮ್ಮಲ್ಲಿ ಅದರ ಎರಡರಷ್ಟು, 53. ಭೂಮಧ್ಯರೇಖೆಗೆ ಹತ್ತಿರವಾದಷ್ಟೂ ಓರೆ ಹೆಚ್ಚು. ಅಜ್ಜಿಯ ಎಲ್‌ಎನ್‌ಬಿ 25ರ ಗೀಟಿನಲ್ಲಿ ಬಿಗಿದು ಕೂತಿತ್ತು. ಹಿಂದಿ ವಿಡಿಯೋ ನೋಡಿ ಕಲಿತ ಕೈಯ ಗುರುತು ಅದು. ಅಷ್ಟು ತಪ್ಪಿದರೆ ಬೇಕಾದ ತರಂಗದ ಐದನೆಯ ಒಂದು ಪಾಲು ಕಳೆದುಹೋಗಿ, ಅಡ್ಡಡ್ಡ ಕಂಪಿಸುವ, ಬೇಡದ ಹಾರಿಜಾಂಟಲ್ ಅಷ್ಟೇ ಪಾಲು ಒಳಕ್ಕೆ ನುಗ್ಗುತ್ತದೆ. ಡಿಶ್ಶಿನ ಹಿಂದೆ ನಿಂತು, ಅದು ನೋಡುವ ಕಡೆಗೇ ಮುಖ ಮಾಡಿ, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು. ಕ್ಲಾಂಪ್ ಸಡಿಲಿಸಿ ಐದೈದು ಡಿಗ್ರಿ ತಿರುಗಿಸುವುದು, ಪ್ರತಿ ಸಲ ಹತ್ತು ಸೆಕೆಂಡ್ ಕಾಯುವುದು, ಕ್ವಾಲಿಟಿ ಏರಿ ಮತ್ತೆ ಇಳಿಯತೊಡಗಿದರೆ ಒಂದು ಹೆಜ್ಜೆ ಹಿಂದೆ ಬರುವುದು. ತಿರುವು 50 ಡಿಗ್ರಿ ದಾಟಿದ ಮೇಲೆ ಕ್ವಾಲಿಟಿ ಮೀಟರು 78ರಲ್ಲಿ ನಿಂತಿತು. ಮೊಮ್ಮಗಳು ಒಳಗಿನಿಂದ ಅಂಕಿ ಕೂಗುತ್ತಿದ್ದಳು. 78 ಎಂದಾಗ ಅವಳ ದನಿಯಲ್ಲಿದ್ದ ಸಂತೋಷಕ್ಕೇ ಅರ್ಧ ಕೆಲಸ ಸಾರ್ಥಕ.

ಹೊಸದಾಗಿ ಕೊಳ್ಳುವವರಿಗೂ ಸ್ವಲ್ಪ ಹೇಳುತ್ತೇನೆ. ಒಂದು ಟಿವಿಗೆ ಒಂದು ಬಾಯಿಯ ಯೂನಿವರ್ಸಲ್ ಎಲ್‌ಎನ್‌ಬಿ ಸಾಕು, ಬಾಕ್ಸಿನ ಮೆನುವಿನಲ್ಲಿ ಎಲ್‌ಎನ್‌ಬಿ ಆವರ್ತನ 9750/10600 ಆರಿಸಿ. ಡಬ್ಬಿಯ ಮೇಲೆ 0.1 ಡಿಬಿ (ಎಲ್‌ಎನ್‌ಬಿ ತಾನೇ ಸೇರಿಸುವ ಗದ್ದಲದ ಅಳತೆ) ಎಂದು ಬರೆದಿದೆ ಎಂದು ಹೆಚ್ಚು ದುಡ್ಡು ಕೊಡಬೇಡಿ. ಆ ದುಡ್ಡನ್ನು ಡಿಶ್ಶಿಗೆ ಹಾಕಿ. 60 ಸೆಂಟಿಮೀಟರಿನ ಬದಲು 75ರದ್ದು ಕೊಂಡರೆ ಒಂದೂವರೆ ಪಟ್ಟು ಸಿಗ್ನಲ್ ಸೇರುತ್ತದೆ, ಮುಂಗಾರಿನಲ್ಲಿ ಅದೇ ಕಾಪಾಡುವುದು. ವೈರು ಆರ್‌ಜಿ-6 ಇರಲಿ, ಸಿಪ್ಪೆ ಸುಲಿದು ಜಾಲರಿ ಒತ್ತಾಗಿದೆಯೇ ನೋಡಿ ಕೊಳ್ಳಿ. ಬಾಕ್ಸು ಎಂಪೆಗ್-4ರದ್ದೇ ಆಗಲಿ, ಹಳೆಯ ಎಂಪೆಗ್-2 ಚಾನೆಲ್ಲೂ ಅದರಲ್ಲಿ ಬರುತ್ತದೆ. ಕಂಬ ಮಾತ್ರ ದಾರಕ್ಕೆ ಕಲ್ಲು ಕಟ್ಟಿ ಎರಡು ಕಡೆಯಿಂದ ನೋಡಿದರೂ ನೆಟ್ಟಗಿರಬೇಕು. ಕಂಬ ವಾಲಿದರೆ ಡಿಶ್ಶಿನ ಮೇಲಿನ ಯಾವ ಗೀಟಿಗೂ ಅರ್ಥವಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮನೆಗೆ ಇಷ್ಟು ಎಂದು ಕೂಲಿ, ದಿನಕ್ಕೆ ಎಂಟು ಮನೆ, ಕೈಯಲ್ಲೊಂದು ಸಿಗ್ನಲ್ ಸಿಕ್ಕರೆ ಪೀಂ ಎನ್ನುವ ಫೈಂಡರು. 91.5ರಲ್ಲಿರುವ ಉಪಗ್ರಹಕ್ಕೂ 93.5ಕ್ಕೂ ಆ ಫೈಂಡರು ಒಂದೇ ರೀತಿ ಕೂಗುತ್ತದೆ. 53 ಎಂಬ ಅಂಕಿಯನ್ನು ಕನ್ನಡದಲ್ಲಿ ಅವನಿಗೆ ಯಾರು ಹೇಳಿಕೊಟ್ಟರು? ಅದು ನಮ್ಮಂಥ ತಿಳಿದವರ ತಪ್ಪು. ಆದರೆ ಅಜ್ಜಿಯ ಮಾತಿಗೆ ಅವನು ಒಂದು ನಿಮಿಷ ನಿಂತಿದ್ದರೆ ಸಾಕಿತ್ತು. ಉಪಗ್ರಹ ನಿಂತಲ್ಲೇ ಇದೆ, ಡಿಶ್ ನಿಂತಲ್ಲೇ ಇದೆ, ಮರ ನಿಂತಲ್ಲೇ ಇದೆ. ಚಲಿಸುವುದು ಬಿಸಿಲು ಮತ್ತು ನೀರು ಮಾತ್ರ. ದೋಷ ಹುಡುಕುವ ದಾರಿಯನ್ನು ಅಜ್ಜಿ ಒಂದೇ ವಾಕ್ಯದಲ್ಲಿ ತೋರಿಸಿಬಿಟ್ಟಿದ್ದರು. ಮನೆಯಲ್ಲಿ ದಿನವಿಡೀ ಇರುವವರಿಗೆ ಗೊತ್ತಿರುವುದು ಹತ್ತು ನಿಮಿಷಕ್ಕೆ ಬಂದುಹೋಗುವವರಿಗೆ ಗೊತ್ತಿರುವುದಿಲ್ಲ. ಪಂಪ್‌ಸೆಟ್ಟಾಗಲಿ, ಹಸುವಿನ ಕಾಯಿಲೆಯಾಗಲಿ, ಯಾವಾಗ ಶುರುವಾಯಿತು, ಎಷ್ಟು ಹೊತ್ತು, ಮತ್ತೆ ಯಾವಾಗ ಎಂದು ಕೇಳದೆ ಕೊಡಲಿಗೆ ಕೈ ಹಾಕುವುದನ್ನು ಎಷ್ಟು ಕಡೆ ನೋಡಿಲ್ಲ?

ಇಳಿಯುವ ಮುಂಚೆ ಕ್ಲಾಂಪಿಗೂ ಕಂಬಕ್ಕೂ ಸೇರಿ ಬರುವಂತೆ ಕೆಂಪು ಬಣ್ಣದಲ್ಲಿ ಒಂದೊಂದು ಗೆರೆ ಎಳೆದೆವು, ಎಲ್‌ಎನ್‌ಬಿಯ ಕತ್ತಿಗೂ ಒಂದು. ಕೋತಿ ಅಲ್ಲಾಡಿಸಿದರೆ ಗೆರೆಗೆ ಗೆರೆ ಕೂಡಿಸಿ ಬಿಗಿದರಾಯಿತು.

ಸೋಮವಾರ ಹನ್ನೊಂದೂ ಹತ್ತಕ್ಕೆ ಫೋನ್ ಬಂತು. "ಮೂರ್ ನಿಮ್ಸ ಹೋಗಿತ್ತು ಮಗ, ಬಂತು. ಬಿಸ್ಲು ತಾನೇ?"

"ಹೂಂ ಅಜ್ಜಿ, ಬಿಸ್ಲೇ. ಇನ್ನೊಂದೆರಡು ದಿನ."

"ಸರಿ ಬುಡು. ಮರ ಕಡಿಯೋನು ಬಂದಿದ್ದ. ಕಾಯಿ ಕಿತ್ಕೊಟ್ಟು ಹೋಗಪ್ಪ ಅಂದೆ."