ಹಾಲಿನ ಬಣ್ಣದಲ್ಲಿ ಆರು ಬೆಟ್ಟ

ಮಾರ್ಚ್ 2

ಹೋದ ಅಕ್ಟೋಬರ್‌ನಲ್ಲಿ ಕುಲ್ಲು ಕಣಿವೆಯ ನಗ್ಗರಕ್ಕೆ ಹೋಗಿ ಬಂದಾಗಿನಿಂದ ಒಂದೇ ಗುಂಗು. ನಿಕೊಲಾಯ್ ರೋರಿಕ್ ಬಿಡಿಸಿದ ಹಾಗೆ ಬೆಟ್ಟ ಬಿಡಿಸಬೇಕು. ನಾಲ್ಕೈದು ತಿಂಗಳು ಬರೀ ಮಾತಲ್ಲೇ ಕಳೆಯಿತು. ಇವತ್ತು ಪ್ಲೈವುಡ್ ಅಂಗಡಿಗೆ ಹೋಗಿ ಎಂಟಕ್ಕೆ ಹನ್ನೆರಡು ಇಂಚಿನ ಆರು ತುಂಡು ಕೊಯ್ಸಿಕೊಂಡು ಬಂದೆ. ಆರು ಹಲಗೆ, ಆರು ಬೆಟ್ಟ. ಇಲ್ಲಿ ಬರೆದಿಟ್ಟರೆ ನಾಚಿಕೆಗಾದರೂ ಮುಗಿಸುತ್ತೇನೆ ಅಂತ ಆಸೆ.

ರೋರಿಕ್ ರಷ್ಯಾದವರು, 1874ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದರು. 1913ರಲ್ಲಿ ಪ್ಯಾರಿಸ್ಸಿನಲ್ಲಿ ಗಲಾಟೆ ಎಬ್ಬಿಸಿದ, ಸಂಗೀತಗಾರ ಸ್ಟ್ರಾವಿನ್ಸ್ಕಿಯ ಬ್ಯಾಲೆ ನೃತ್ಯಕ್ಕೆ ರಂಗಸಜ್ಜಿಕೆ ಮಾಡಿಕೊಟ್ಟವರು ಇವರೇ. ಅಷ್ಟು ಹೆಸರಿದ್ದ ಮನುಷ್ಯ 1925ರಿಂದ ಮೂರು ವರ್ಷ ಲಡಾಖ್, ಮಂಗೋಲಿಯಾ, ಟಿಬೆಟ್ ಎಲ್ಲ ಸುತ್ತಿ, 1928ರ ಕೊನೆಗೆ ನಗ್ಗರಕ್ಕೆ ಬಂದು ನಿಂತುಬಿಟ್ಟರು. 1947ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಅವರ ಕಿರಿಯ ಮಗ ಸ್ವೆತೊಸ್ಲಾವ್ ನಮಗೆಲ್ಲ ಗೊತ್ತಿರುವವರೇ. ಸಿನಿಮಾ ನಟಿ ದೇವಿಕಾರಾಣಿಯವರ ಗಂಡ, ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನವರು.

ಶಂಭಲ ಅನ್ನುವ ಗುಪ್ತ ನಾಡು, ಅಗ್ನಿ ಯೋಗ ಅನ್ನುವ ಅಧ್ಯಾತ್ಮದ ದಾರಿ ಅಂತ ಅವರ ಬಗ್ಗೆ ಮಾತಾಡುವವರು ಬಹಳ ಜನ. ನನಗೆ ಆ ಕಡೆ ತಲೆ ಅಷ್ಟು ಓಡಲ್ಲ. ನಗ್ಗರದ ಅವರ ಮನೆಯ ಅಂಗಳದಲ್ಲಿ ನಿಂತಾಗ ನನಗೆ ಬೇಕಾಗಿದ್ದು ಒಂದೇ. ಈ ಮನುಷ್ಯ ಸುಮಾರು ಹತ್ತೊಂಬತ್ತು ವರ್ಷ ದಿನಾ ಬೆಳಗ್ಗೆ ಎದ್ದು ಏನು ನೋಡುತ್ತಿದ್ದ? ಕೆಳಗೆ ಬಿಯಾಸ್ ನದಿ, ಎದುರಿಗೆ ಹಿಮದ ಸಾಲು. ಅವರ ದೇಹ ಸುಟ್ಟ ಜಾಗದಲ್ಲಿ ಒಂದು ದೊಡ್ಡ ಬಂಡೆ ಇದೆ, ಅದರ ಬರಹದ ಕೊನೆಯಲ್ಲಿ ‘ಓಂ ರಾಮ್’ ಅಂತಿದೆ. ಅಲ್ಲಿ ಕೂತು ಬೆಟ್ಟ ನೋಡಿದೆ. ಬೆಟ್ಟ ಚಿತ್ರದಲ್ಲಿರುವ ಹಾಗೇ ಇತ್ತು. ನಾನು ಅಲ್ಲಿಯವರೆಗೆ ಅದೆಲ್ಲ ಅವರ ಕಲ್ಪನೆ ಅಂದುಕೊಂಡಿದ್ದೆ.

ಮಾರ್ಚ್ 16

ಮೊದಲ ತೊಡಕು. ರೋರಿಕ್ ಎಣ್ಣೆ ಬಣ್ಣ ಬಿಟ್ಟು ಟೆಂಪೆರಾ ಹಿಡಿದವರು. ಎಣ್ಣೆ ವರ್ಷ ಕಳೆದಂತೆ ಕಂದುತ್ತದೆ, ಟೆಂಪೆರಾ ಹೊಳಪಿಲ್ಲದೆ ಸುಣ್ಣದ ಗೋಡೆಯ ಹಾಗೆ ತಣ್ಣಗೆ ಉಳಿಯುತ್ತದೆ. ಟೆಂಪೆರಾ ಅಂದರೆ ಬಣ್ಣದ ಪುಡಿಯನ್ನು ಎಣ್ಣೆಯ ಬದಲು ಬೇರೆ ಅಂಟಿನಲ್ಲಿ ಕಲಸುವುದು, ಆ ಅಂಟು ಸಾಮಾನ್ಯವಾಗಿ ಮೊಟ್ಟೆಯ ಹಳದಿ. ನಮ್ಮ ಮನೆಯಲ್ಲಿ ಮೊಟ್ಟೆ ಒಳಗೆ ಬರುವ ಹಾಗಿಲ್ಲ. ‘ಬಾಲ್ಕನಿಯಲ್ಲಿ ಇಟ್ಕೋತೀನಿ’ ಅಂದೆ. ‘ಬಾಲ್ಕನಿ ಯಾರ ಮನೇದೋ?’ ಅಂದರು ಅಮ್ಮ. ಮಾತು ಮುಗಿಯಿತು.

ಕೊನೆಗೆ ಹಾಲಿಗೆ ಬಂದೆ. ಹಾಲಿನಲ್ಲಿರುವ ಕೇಸೀನ್ ಅನ್ನುವ ಪ್ರೋಟೀನ್‌ನಿಂದಲೂ ಟೆಂಪೆರಾ ಮಾಡುತ್ತಾರೆ, ತುಂಬ ಹಳೆಯ ಪದ್ಧತಿ. ಕೆನೆ ಪೂರ್ತಿ ತೆಗೆದ ಹಾಲು ಒಡೆಸಿ, ಬಟ್ಟೆಯಲ್ಲಿ ಸೋಸಿ, ಹುಳಿ ಹೋಗುವವರೆಗೆ ತೊಳೆದು ಹಿಂಡಿದೆ. ಐದು ಪಾಲು ಗಿಣ್ಣಕ್ಕೆ ಒಂದು ಪಾಲು ಸುಣ್ಣ, ಎಲೆ ಅಡಿಕೆಗೆ ಹಚ್ಚುವ ಅದೇ ಸುಣ್ಣ. ಚಮಚದಲ್ಲಿ ತಿರುವುತ್ತಾ ಇದ್ದೆ. ಐದು ನಿಮಿಷ ಏನೂ ಆಗಲಿಲ್ಲ, ಉಂಡೆ ಉಂಡೆಯಾಗೇ ಇತ್ತು. ಬಿಟ್ಟುಬಿಡೋಣ ಅನ್ನುವಷ್ಟರಲ್ಲಿ ಚಮಚ ಸಡಿಲವಾಯಿತು. ನೋಡನೋಡುತ್ತ ಗಿಣ್ಣ ಕರಗಿ ಜೇನಿನ ಹಾಗೆ ಎಳೆ ಎಳೆಯಾಗಿ ಇಳಿಯಿತು. ಅಮ್ಮ ಬಂದು ಬಗ್ಗಿ ನೋಡಿ, ‘ಅರ್ಧ ಲೀಟರ್ ಹಾಲು ದಂಡ’ ಅಂದರು. ಆದರೆ ಅವರೂ ಎರಡು ಸುತ್ತು ತಿರುವಿದರು.

ಅದಕ್ಕೇ ಚಾಕ್ ಪುಡಿ ಬೆರೆಸಿ ಹಲಗೆಗಳಿಗೆ ನಾಲ್ಕು ಸಲ ಬಳಿದು, ಸ್ಯಾಂಡ್ ಪೇಪರ್ ಹಾಕಿ ಉಜ್ಜಿದೆ. ಕೇಸೀನ್ ಒಣಗಿದರೆ ಗಡುಸು, ಬಗ್ಗಿದರೆ ಬಿರುಕು ಬಿಡುತ್ತೆ. ಅದಕ್ಕೇ ಕ್ಯಾನ್ವಾಸ್ ಬೇಡ ಅಂತ ಪ್ಲೈವುಡ್ ತಂದಿದ್ದು.

ಏಪ್ರಿಲ್ 6

ಮೊದಲ ಬೆಟ್ಟ ಹಾಳಾಯಿತು. ನಗ್ಗರದ ಫೋಟೋ ಇಟ್ಟುಕೊಂಡು ನೆರಳಿಗೆಲ್ಲ ಪ್ರಷ್ಯನ್ ಬ್ಲೂ ಬಳಿದಿದ್ದೆ. ರಾತ್ರಿ ಮಲಗುವಾಗ ಎಂಥಾ ನೀಲಿ! ದಿನ ಹೋಗ್ತಾ ಅದು ಕೊಳೆತ ಎಲೆಯ ಬಣ್ಣಕ್ಕೆ ಬಂತು. ತಪ್ಪು ನನ್ನದೇ. ಪ್ರಷ್ಯನ್ ಬ್ಲೂಗೆ ಸುಣ್ಣ ಆಗಿಬರಲ್ಲ. ಕ್ಷಾರ ತಾಗಿದರೆ ಅದು ಒಡೆದು ಅದರೊಳಗಿನ ಕಬ್ಬಿಣ ತುಕ್ಕಿನ ಬಣ್ಣಕ್ಕೆ ತಿರುಗುತ್ತೆ. ಹಸಿ ಗಾರೆ ಮೇಲೆ ಚಿತ್ರ ಬರೆಯುವವರು ಅದನ್ನು ಮುಟ್ಟದೇ ಇರುವುದು ಅದಕ್ಕೇ.

ಸುಣ್ಣಕ್ಕೆ ಜಗ್ಗದ ನೀಲಿ ಅಂದರೆ ಅಲ್ಟ್ರಾಮರೀನ್. ಪೊಟ್ಟಣ ಬಿಚ್ಚಿದಾಗ ಅಮ್ಮ, ‘ಇದು ಬಿಳಿ ಬಟ್ಟೆಗೆ ಹಾಕೋ ನೀಲಿ ಅಲ್ವಾ?’ ಅಂದರು. ಹೌದು, ಹಳೇ ಕಾಲದ ನೀಲಿ ಪುಡಿ ಅದೇ ಜಾತಿ.

ಏಪ್ರಿಲ್ 20

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿದ್ದೆ. ಅಪ್ಪ ಮಗ ಇಬ್ಬರ ಚಿತ್ರಗಳೂ ಅಲ್ಲಿವೆ. ಬೆಂಗಳೂರಲ್ಲೇ ಇದ್ದು ಇಷ್ಟು ವರ್ಷ ಸರಿಯಾಗಿ ನೋಡಿರಲಿಲ್ಲ. ಚಿತ್ರಸಂತೆ ದಿನ ನುಗ್ಗಿ ಬರುವವರಲ್ಲಿ ನಾನೂ ಒಬ್ಬ.

ಒಂದು ಬೆಟ್ಟದ ಮುಂದೆ ಮುಕ್ಕಾಲು ಗಂಟೆ ನಿಂತೆ. ಇಡೀ ಬೆಟ್ಟಕ್ಕೆ ಮೂರೇ ನೀಲಿ. ಒಂದರೊಳಗೆ ಇನ್ನೊಂದು ಕರಗುವುದಿಲ್ಲ. ಒಂದು ಮುಗಿದ ಕಡೆ ಇನ್ನೊಂದು ಶುರು, ಕಾಗದ ಕತ್ತರಿಸಿ ಅಂಟಿಸಿದ ಹಾಗೆ. ನಾನು ಬ್ರಷ್‌ನಲ್ಲಿ ಉಜ್ಜಿ ಉಜ್ಜಿ ಬಣ್ಣ ಬೆರೆಸುತ್ತಿದ್ದೆ. ಮನೆಗೆ ಬಂದು ಮೂರು ಬಟ್ಟಲಲ್ಲಿ ಮೂರು ನೀಲಿ ಕಲಸಿಟ್ಟು, ಬೆರೆಸಕೂಡದು ಅಂತ ಶಪಥ ಮಾಡಿದೆ. ಎರಡನೇ ಹಲಗೆ ಒಂದೇ ಸಂಜೆಗೆ ಮುಗಿಯಿತು. ಪರವಾಗಿಲ್ಲ ಅನ್ನುವ ಹಾಗಿದೆ.

ಮೇ 18

ಮೂರು, ನಾಲ್ಕು ಮುಗಿದವು. ಹೇಳುವಂಥದ್ದು ಏನಿಲ್ಲ.

ಇನ್ನೊಂದು ವಿಷಯ. ರೋರಿಕ್ ಅಂದರೆ ಏಕಾಂತದಲ್ಲಿ ಕಣ್ಣು ಮುಚ್ಚಿ ಕೂತ ಋಷಿ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ನಗ್ಗರದಲ್ಲಿ ‘ಉರುಸ್ವತಿ’ ಅಂತ ಸಂಶೋಧನಾ ಸಂಸ್ಥೆ ನಡೆಸುತ್ತಿದ್ದರು. ಬೆಟ್ಟದ ಗಿಡಮೂಲಿಕೆ ಕೂಡಿಸುವುದು, ಟಿಬೆಟನ್ ಗ್ರಂಥ ಓದುವುದು, ಎಲ್ಲ ಇತ್ತು. ಯುದ್ಧದಲ್ಲೂ ಕಲೆ, ವಿಜ್ಞಾನದ ಕಟ್ಟಡಗಳನ್ನು ಕಾಪಾಡಬೇಕು ಅನ್ನುವ ಅವರ ಒಪ್ಪಂದಕ್ಕೆ 1935ರ ಏಪ್ರಿಲ್ 15ರಂದು ವೈಟ್ ಹೌಸಿನಲ್ಲಿ ಸಹಿ ಬಿತ್ತು. ಇಷ್ಟರ ನಡುವೆ ಜೀವಮಾನದಲ್ಲಿ ಬಿಡಿಸಿದ ಚಿತ್ರ ಸುಮಾರು 7,000. ನಾನು ಎರಡೂವರೆ ತಿಂಗಳಲ್ಲಿ ನಾಲ್ಕು, ಅದರಲ್ಲೂ ಒಂದು ಕಂದು.

ಬೆಳಗ್ಗೆ ಐದೂವರೆಗೆ ಟೆರೇಸ್ ಮೇಲೆ ಕೂರುವ ಅಭ್ಯಾಸ ಮಾಡಿದೆ. ಸಿಂಟೆಕ್ಸ್ ಟ್ಯಾಂಕ್ ಬಿಟ್ಟರೆ ಇಲ್ಲಿ ಶಿಖರ ಇಲ್ಲ. ಹನ್ನೊಂದು ದಿನ ನಡೆಯಿತು.

ಜೂನ್ 22, ಕಳಸ

ಚಿಕ್ಕಮ್ಮನ ಮನೆ. ಜಗಲಿಯಲ್ಲಿ ಕೂತರೆ ಎದುರಿಗೆ ಮೇರ್ತಿ ಗುಡ್ಡ. ಮಳೆ ಬಿಟ್ಟಾಗ ಮಾತ್ರ ಕಾಣುತ್ತೆ. ಐದನೇ ಹಲಗೆ ಇಲ್ಲೇ ಶುರು ಮಾಡಿದೆ. ಮೂರು ಬಗೆಯ ಹಸಿರು ಬೂದಿ ಬಣ್ಣ ಕಲಸಿ, ಅಂಚು ಚೂಪಾಗಿ ಕತ್ತರಿಸಿ, ಅದೇ ವಿಧಾನ.

ಚಿಕ್ಕಮ್ಮ ಕಾಫಿ ತಂದಿಟ್ಟು ನೋಡಿದರು. ‘ಚೆನ್ನಾಗಿದೆ ಕಣೋ. ಆದರೆ ನಮ್ಮ ಗುಡ್ಡ ಅಲ್ಲ. ನಮ್ಮ ಗುಡ್ಡಕ್ಕೆ ಇಂಥ ಅಂಚು ಎಲ್ಲಿದೆ?’

ತಲೆ ಎತ್ತಿ ನೋಡಿದೆ. ನಿಜ. ಗುಡ್ಡ ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಗುತ್ತೆ ಅಂತ ಗೆರೆ ಹಾಕೋಕೇ ಆಗಲ್ಲ. ಕುಲ್ಲುವಿನ ಮೇಲೆ ಅಕ್ಟೋಬರ್ ಗಾಳಿ ಒಣ, ತೆಳು. ಮೈಲಿಗಟ್ಟಲೆ ದೂರದ ಹಿಮದ ಬೆಟ್ಟವೂ ಪಕ್ಕದಲ್ಲೇ ಇರುವ ಹಾಗೆ ಚೂಪಾಗಿ ಕಾಣುತ್ತೆ. ಇಲ್ಲಿ ಎರಡು ಫರ್ಲಾಂಗ್ ಆಚೆಯ ಅಡಿಕೆ ಮರವೇ ಹಾಲಲ್ಲಿ ಅದ್ದಿದ ಹಾಗೆ ಮಾಸಲು. ನಾನು ರೋರಿಕ್ ಶೈಲಿ ಅಂದುಕೊಂಡು ಕಲಿತದ್ದರಲ್ಲಿ ಅರ್ಧ ಅಲ್ಲಿಯ ಗಾಳಿ. ಅವರು ಕಂಡಿದ್ದನ್ನೇ ಬರೆದಿದ್ದರು, ನಾನು ಕಾಣದ್ದನ್ನು ಬರೆಯುತ್ತಾ ಕೂತಿದ್ದೆ.

ಒದ್ದೆ ಬಟ್ಟೆ ತಗೊಂಡು ಅಂಚನ್ನೆಲ್ಲ ಒರೆಸಿದೆ. ಕೇಸೀನ್ ಪೂರ್ತಿ ಗಟ್ಟಿಯಾಗಿರಲಿಲ್ಲ, ಬಂತು. ತೆಳ್ಳಗೆ ಬಿಳಿ ಎಳೆದೆ, ಒಣಗುವ ಮೊದಲೇ ಇನ್ನೊಂದು. ಇಂಬಳವೊಂದು ಕಾಲಿಗೆ ಹತ್ತಿದ್ದು ಚಿತ್ರ ಮುಗಿದ ಮೇಲೆ ಗೊತ್ತಾಯಿತು.

ಜೂನ್ 27, ಕಳಸ

ಐದನೇ ಹಲಗೆಗೆ ಬೂಷ್ಟು. ಹಾಲಿನ ಬಣ್ಣ, ಮಲೆನಾಡಿನ ಜೂನ್, ಇನ್ನೇನಾಗುತ್ತೆ? ಮೂಲೆಯಲ್ಲಿ ಹಸಿರು ಚುಕ್ಕೆ ಸಾಲು. ಒರೆಸಿದೆ. ಚಿಕ್ಕಮ್ಮ ಅದನ್ನು ಎತ್ತಿಕೊಂಡು ಹೋಗಿ ಒಲೆ ಮೇಲಿನ ಅಟ್ಟದಲ್ಲಿ, ಒಣಮೆಣಸಿನ ಮೊರದ ಪಕ್ಕ ಇಟ್ಟರು. ‘ಒಣಗಲಿ, ಆಮೇಲೆ ಕಳಿಸ್ತೀನಿ.’

ಜುಲೈ 13

ಆರನೇ ಹಲಗೆ ಬಿಳಿಯಾಗೇ ಇದೆ. ಅದನ್ನೂ ಕಳಸಕ್ಕೇ ತಗೊಂಡು ಹೋಗುತ್ತೇನೆ, ಮಳೆ ಹಿಡಿದಾಗಲೇ.

ಬೆಳಗ್ಗೆ ಚಿಕ್ಕಮ್ಮ ಫೋನ್ ಮಾಡಿದ್ದರು. ‘ಒಣಗಿದೆ ಕಣೋ. ಹೊಗೆ ಹಿಡಿದು ಮೋಡ ಸ್ವಲ್ಪ ಕಂದಾಗಿದೆ. ಈಗ ನಮ್ಮ ಗುಡ್ಡದ ಹಾಗೇ ಕಾಣ್ತಿದೆ, ಮತ್ತೆ ಮುಟ್ಟೋಕೆ ಹೋಗ್ಬೇಡ.’